ಸಣ್ಣ ಜೀಪನ್ನು ಎತ್ತರಿಸುವ ವಿಚಾರ

ಮಲೆನಾಡಿನ ಕಾಫಿತೋಟದ ಮನೆಯೊಂದರಿಂದ ಓರ್ವ ಸೋದರಿಯು ಬರೆದ ಕಾಗದವು ಹೋದ ತಿಂಗಳು ನಮಗೆ ತಲಪಿತು. ಅವರ ಮನೆಗೂ ಡಾಂಬರು ರಸ್ತೆಗೂ ನಡುವೆ ಸುಮಾರು ಮೂರು ಕಿಲೋಮೀಟರುಗಳ ಮಣ್ಣುದಾರಿಯುಂಟು. ಮಳೆಗಾಲದಲ್ಲಿ ಟ್ರ್ಯಾಕ್ಟರುಗಳು ಓಡಾಡಿ ಆ ದಾರಿಯಲ್ಲಿ ಆಳವಾದ ಎರಡು ಗಾಲಿಜಾಡುಗಳು ಬಿದ್ದು, ನಡುವೆ ಕಲ್ಲುಮಣ್ಣಿನ ದಿಣ್ಣೆಯು ಎದ್ದು ನಿಲ್ಲುವುದಂತೆ. ಮನೆಯಲ್ಲಿರುವುದು ಮಾರುತಿ ಸಂಸ್ಥೆಯವರು 2023ರಲ್ಲಿ ಮಾರಾಟಕ್ಕೆ ತಂದ ಐದು ಬಾಗಿಲಿನ ಜಿಮ್ನಿ. ಅದರ ತಳವು ದಿಣ್ಣೆಗೆ ಉಜ್ಜುವುದೆಂದು ಹೇಳಿ ಅವರ ಮಗನು 'ಲಿಫ್ಟ್ ಕಿಟ್' ಎಂಬ ಸಲಕರಣೆಯನ್ನು ತರಿಸಿ, ಗಾಡಿಯನ್ನು ಎರಡು ಇಂಚು ಎತ್ತರಿಸಿ, ದೊಡ್ಡ ಟೈರುಗಳನ್ನು ಹಾಕಿಸಬೇಕೆಂದು ಹಟ ಹಿಡಿದಿರುವನು. ಅತ್ತೆಯವರಿಗೆ ಮಂಡಿನೋವು, ತಿಂಗಳಿಗೆರಡಾವರ್ತಿ ಅವರನ್ನು ಪೇಟೆಯ ವೈದ್ಯರಲ್ಲಿಗೆ ಕರೆದೊಯ್ಯಬೇಕು. "ಮಗನ ಮಾತು ಸರಿಯೇ ಮೇಷ್ಟ್ರೇ? ಗಾಡಿ ಉರುಳುವ ಭಯವಿಲ್ಲವೇ?" ಎಂಬುದು ಆ ತಾಯಿಯ ಪ್ರಶ್ನೆ.

ಪ್ರಶ್ನೆಯು ಒಂದು ಮನೆಯದಲ್ಲ. 1985ರಲ್ಲಿ ಜಿಪ್ಸಿಯು ಬಂದಂದಿನಿಂದ ಸಕಲೇಶಪುರ, ಮೂಡಿಗೆರೆ, ಕೊಡಗು ಈ ಕಡೆಗಳ ತರುಣರಿಗೆ ಗಾಡಿಯನ್ನು ಎತ್ತರಿಸುವ ಆಸೆಯು ಅಂಟಿಕೊಂಡೇ ಇದೆ. ಯುಧಿಷ್ಠಿರನ ರಥವು ನೆಲದಿಂದ ನಾಲ್ಕಂಗುಲ ಮೇಲೆಯೇ ಚಲಿಸುತ್ತಿತ್ತೆಂದೂ, ಅಶ್ವತ್ಥಾಮನ ವಿಷಯದಲ್ಲಿ ಆಡಿದ ಮಾತಿನಿಂದ ಅದು ನೆಲಕ್ಕೆ ಇಳಿಯಿತೆಂದೂ ಭಾರತದ ದ್ರೋಣಪರ್ವದಲ್ಲಿ ಬರುವುದಷ್ಟೆ. ಆ ನಾಲ್ಕಂಗುಲವನ್ನು ಧರ್ಮರಾಯನು ಸತ್ಯದಿಂದ ಸಂಪಾದಿಸಿದ್ದನು; ನಮ್ಮ ಹುಡುಗರು ಹಣದಿಂದ ಸಂಪಾದಿಸಬಯಸುವರು. ಅದು ಎಷ್ಟರಮಟ್ಟಿಗೆ ಸಾಧ್ಯವೆಂಬುದನ್ನು ಲೆಕ್ಕ ಹಾಕಿ ನೋಡೋಣ.

ಮೊದಲು ತಿಳಿಯತಕ್ಕ ವಿಷಯವೊಂದುಂಟು. ಜಿಮ್ನಿಯಲ್ಲಿಯೂ ಜಿಪ್ಸಿಯಲ್ಲಿಯೂ ಎಡ ಬಲ ಚಕ್ರಗಳೆರಡೂ ಒಂದೇ ಗಟ್ಟಿಯಾದ ಅಚ್ಚಿನ ತುದಿಗಳಲ್ಲಿ ಕುಳಿತಿರುವುವು. ಅಚ್ಚಿನ ಮೈಯಲ್ಲಿ ಒಂದೆಡೆ ಕುಂಬಳಕಾಯಿಯಂತೆ ಉಬ್ಬಿದ ಕಬ್ಬಿಣದ ಗುಂಡು ಇರುವುದು. ಡಿಫರೆನ್ಷಿಯಲ್ಲಿನ ಹಲ್ಲುಗಾಲಿಗಳು ಅದರೊಳಗೆ ತಿರುಗುವುವು. ಅಚ್ಚಿನ ಮೇಲೆ ಸ್ಪ್ರಿಂಗುಗಳು, ಸ್ಪ್ರಿಂಗುಗಳ ಮೇಲೆ ಗಾಡಿಯ ಒಡಲು. ಲಿಫ್ಟ್ ಕಿಟ್ಟೆಂಬುದು ಮುಖ್ಯವಾಗಿ ಉದ್ದನೆಯ ಸ್ಪ್ರಿಂಗುಗಳ ಜೋಡಣೆಯೇ ಹೊರತು ಮತ್ತೇನಲ್ಲ. ಅದನ್ನು ಹಾಕಿದರೆ ಏಳುವುದು ಒಡಲು ಮಾತ್ರ. ಅಚ್ಚು ಇದ್ದಲ್ಲಿಯೇ ಇರುವುದು, ಗುಂಡೂ ಇದ್ದಲ್ಲಿಯೇ ಇರುವುದು. ಜಿಮ್ನಿಗೆ 210 ಮಿಲಿಮೀಟರು ನೆಲದ ಅಂತರವುಂಟೆಂದು ತಯಾರಕರು ಹೇಳುವರಲ್ಲ, ಆ ಅಂತರವು ಅಚ್ಚಿನ ಕೆಳಗೆ ಸ್ಪ್ರಿಂಗಿನಿಂದ ಕೂದಲೆಳೆಯಷ್ಟೂ ಹೆಚ್ಚದು. ಅಚ್ಚನ್ನು ಎತ್ತಬಲ್ಲದ್ದು ಟೈರೊಂದೇ. ಅದೂ ಟೈರಿನ ವ್ಯಾಸವು ಎಷ್ಟು ಬೆಳೆದರೆ ಅದರ ಅರ್ಧದಷ್ಟು ಮಾತ್ರ.

ಜಿಮ್ನಿಯ ಟೈರಿನ ಮೇಲೆ 195/80 ಆರ್ 15 ಎಂದು ಅಚ್ಚಾಗಿರುವುದು. ಅಗಲವು 195 ಮಿಲಿಮೀಟರು, ಪಕ್ಕದ ಎತ್ತರವು ಅಗಲದ ನೂರಕ್ಕೆ 80 ಪಾಲು, ಒಳಗಿನ ಲೋಹದ ಚಕ್ರವು 15 ಇಂಚು ಎಂದು ಇದರ ಅರ್ಥ. ಗುಣಿಸಿ ಕೂಡಿಸಿದರೆ ಟೈರಿನ ವ್ಯಾಸವು 693 ಮಿಲಿಮೀಟರು. ತರುಣರು ಮೆಚ್ಚುವ 235/75 ಆರ್ 15 ಎಂಬ ಟೈರಿನ ವ್ಯಾಸವು ಹೀಗೆಯೇ 734 ಬರುವುದು. ವ್ಯತ್ಯಾಸವು ಸುಮಾರು 40, ಅದರ ಅರ್ಧ 20. ಅಂದರೆ ಇಷ್ಟೆಲ್ಲ ಖರ್ಚಿನ ಅನಂತರ ಅಚ್ಚಿಗೆ ದೊರೆಯುವ ಎತ್ತರವು ಒಂದು ಬೆರಳಗಲ. ಧರ್ಮರಾಯನ ನಾಲ್ಕರಲ್ಲಿ ಒಂದು! ಇವೆರಡರ ನಡುವೆ 215/75 ಆರ್ 15 ಎಂಬುದೂ ಉಂಟು. ಅದರಿಂದ ಅಚ್ಚು ಏಳುವುದು ಸುಮಾರು 5 ಮಿಲಿಮೀಟರು.

ಆದಕಾರಣ ಸೋದರಿಯು ಮಗನಿಗೆ ಹೇಳಬೇಕಾದ ಮೊದಲ ಮಾತೇನೆಂದರೆ, ಗಾಡಿಯ ಯಾವ ಭಾಗವು ಉಜ್ಜುತ್ತಿದೆಯೆಂದು ನೋಡಿ ತಿಳಿಸು ಎಂಬುದು. ಇದಕ್ಕೆ ಯಂತ್ರಶಾಲೆಯು ಬೇಡ, ಮನೆಯ ಸುಣ್ಣ ಸಾಕು. ಮಳೆಯಿಲ್ಲದ ದಿನ ಎರಡೂ ಅಚ್ಚುಗಳ ಗುಂಡಿಗೆ, ಗಾಡಿಯ ನಡುಹೊಟ್ಟೆಯ ಕೆಳಗಿನ ಅಡ್ಡಪಟ್ಟಿಗೆ, ಮುಂದಿನ ಬಂಪರಿನ ಕೆಳಂಚಿಗೆ ತೆಳ್ಳಗೆ ಸುಣ್ಣ ಬಳಿದು, ಒಣಗಿದ ಮೇಲೆ ಎಂದಿನಂತೆ ಮನೆಯವರನ್ನು ಕೂರಿಸಿಕೊಂಡು ಆ ಮೂರು ಕಿಲೋಮೀಟರು ಹೋಗಿಬರಲಿ. ಬಳಿಕ ದೀಪ ಹಿಡಿದು ಕೆಳಗೆ ಬಗ್ಗಿ ನೋಡಲಿ. ಗುಂಡಿನ ಸುಣ್ಣವು ಹೋಗಿದ್ದರೆ ಸ್ಪ್ರಿಂಗಿಗೆ ಒಂದು ಕಾಸನ್ನೂ ಹಾಕುವ ಅಗತ್ಯವಿಲ್ಲ. ನಡುಹೊಟ್ಟೆಯದು ಹೋಗಿದ್ದರೆ ಮಗನ ಮಾತಿನಲ್ಲಿ ಹುರುಳುಂಟು. ಏಕೆಂದರೆ ಹೊರದೇಶಗಳಲ್ಲಿ ಓಡುವ ಮೂರು ಬಾಗಿಲಿನ ಜಿಮ್ನಿಯಲ್ಲಿ ಮುಂದಿನ ಹಿಂದಿನ ಅಚ್ಚುಗಳಿಗೆ 2,250 ಮಿಲಿಮೀಟರು ಅಂತರವಿದ್ದರೆ ನಮ್ಮ ಐದು ಬಾಗಿಲಿನದರಲ್ಲಿ 2,590 ಇದೆ. ಉದ್ದವಾದ ಗಾಡಿಯ ಹೊಟ್ಟೆಯು ದಿಬ್ಬದ ನೆತ್ತಿಗೆ ಬೇಗನೆ ತಾಗುವುದು ಸಹಜ. ಆದರೆ ಜಾಡುಗಳ ನಡುವಣ ದಿಣ್ಣೆಯೆಂದು ಅವರು ಬರೆದಿರುವುದನ್ನು ನೋಡಿದರೆ, ಹೋಗುವ ಸುಣ್ಣವು ಗುಂಡಿನದೇ ಎಂದು ನಮ್ಮ ಊಹೆ.

ಇನ್ನು ಸ್ಪ್ರಿಂಗನ್ನು ಉದ್ದಮಾಡಿದರೆ ಉಂಟಾಗುವ ತೊಡಕುಗಳು. ಬೈಸಿಕಲ್ಲಿನ ಮುಂದಿನ ಕವೆಯು ನೆಟ್ಟಗೆ ನಿಂತಿರದೆ ಸವಾರನ ಕಡೆಗೆ ಒರಗಿರುವುದನ್ನು ಎಲ್ಲರೂ ಬಲ್ಲರು. ಹಿಡಿಯನ್ನು ಸಡಿಲಬಿಟ್ಟರೂ ಚಕ್ರವು ನೇರವಾಗಿ ಓಡಲು ಆ ಒರಗು ಬಹಳ ಸಹಾಯಕವಾದುದು. ಮೋಟಾರಿನ ಮುಂದಿನ ಚಕ್ರಗಳಿಗೂ ಅಂಥದೇ ಒರಗುಂಟು. ಕೆಲಸಗಾರರು ಅದನ್ನು ಕ್ಯಾಸ್ಟರ್ ಎನ್ನುವರು. ಜಿಮ್ನಿಯ ಮುಂದಿನ ಅಚ್ಚನ್ನು ಹಿಂದಿನಿಂದ ಚಾಚಿದ ಎರಡು ತೋಳುಗಳು ಹಿಡಿದಿರುವುವು. ಒಡಲು ಮೇಲೆದ್ದಾಗ ಆ ತೋಳುಗಳು ಕೆಳಮುಖವಾಗಿ ಇಳಿದು, ಅಚ್ಚು ಮುಂದಕ್ಕೆ ಹೊರಳಿ, ಒರಗು ಕಡಮೆಯಾಗುವುದು. ಆಗ ಹೆದ್ದಾರಿಯಲ್ಲಿ ಗಾಡಿಯು ಅತ್ತಿತ್ತ ಅಲೆಯುವುದು. ಸ್ಟಿಯರಿಂಗು ತಿರುವಿನಿಂದ ತಾನಾಗಿ ಹಿಂದಿರುಗದು. ಅಚ್ಚು ಪಕ್ಕಕ್ಕೆ ಸರಿಯದಂತೆ ತಡೆಯುವ ಅಡ್ಡಸರಳೊಂದುಂಟು. ಒಡಲು ಎದ್ದರೆ ಅದು ಅಚ್ಚನ್ನೇ ಕೆಲವು ಮಿಲಿಮೀಟರು ಪಕ್ಕಕ್ಕೆ ಎಳೆಯುವುದು. ಜಿಪ್ಸಿಯ ಕಥೆಯೇ ಬೇರೆ. ಅದಕ್ಕೆ ನಾಲ್ಕು ಕಡೆಯೂ ಪಟ್ಟಿಗಳ ಕಮಾನು. ಕೊಂಡಿಗಳನ್ನು ಉದ್ದಮಾಡಿ ಅಗ್ಗದಲ್ಲಿ ಎತ್ತರಿಸುವ ಪದ್ಧತಿಯುಂಟು. ಅಚ್ಚನ್ನು ಓರೆಮಾಡುವ ಆ ಕೆಲಸವನ್ನು ಯಾರೂ ಮಾಡಿಸಬಾರದು.

ಹೊಟ್ಟೆಯೇ ತಾಗುತ್ತಿದ್ದು ಕಿಟ್ಟು ಬೇಕೇ ಬೇಕೆಂದಾದರೆ ಆರಿಸುವ ಕ್ರಮವು ಹೀಗೆ. ಟೈರನ್ನು ಮೊದಲು ನಿರ್ಣಯಿಸಿ, ಆ ಟೈರು ಪೂರ್ತಿ ತಿರುಗಿದಾಗಲೂ ಗುಂಡಿಯಲ್ಲಿ ಕುಸಿದಾಗಲೂ ಬಂಪರಿನ ಅಂಚಿಗೆ ಒಳಹೊದಿಕೆಗೆ ತಾಗದಿರಲು ಎಷ್ಟು ಎತ್ತರ ಬೇಕೋ ಅಷ್ಟನ್ನೇ ಕೊಳ್ಳಬೇಕು. 215ರ ಟೈರಿಗೆ ಎತ್ತರಿಸುವುದೇ ಬೇಡ. 235ಕ್ಕೆ ಸುಮಾರು 40 ಮಿಲಿಮೀಟರಿನ ಕಿಟ್ಟನ್ನು ಹಾಕುವರು. ಅದಕ್ಕಿಂತ ಹೆಚ್ಚಿನದೆಲ್ಲ ಬರಿಯ ನೋಟಕ್ಕೆ. ಇದ್ದ ಸ್ಪ್ರಿಂಗಿನ ಮೇಲೆಯೋ ಕೆಳಗೆಯೋ ಬಿಲ್ಲೆಗಳನ್ನಿಟ್ಟು ಎತ್ತರಿಸುವುದು ಅಗ್ಗವಾದರೂ, ಹಳೆಯ ಷಾಕ್ ಅಬ್ಸಾರ್ಬರುಗಳು ತಮ್ಮ ಉದ್ದದ ತುದಿಗೆ ಬಂದು ಜಗ್ಗುವುವು. ಸ್ಪ್ರಿಂಗಿಗೆ ಹೊಂದುವ ಷಾಕ್ ಅಬ್ಸಾರ್ಬರು, ಒರಗನ್ನು ಮರಳಿ ಕೊಡುವ ಬುಷ್‌ಗಳು, ಉದ್ದವನ್ನು ಹೊಂದಿಸಬಹುದಾದ ಅಡ್ಡಸರಳು, ಬ್ರೇಕಿನ ಕೊಳವೆಗಳು ಸಾಲುವುವೇ ಎಂಬ ಪರೀಕ್ಷೆ, ಇವಿಷ್ಟೂ ಇರುವ ಕಿಟ್ಟೇ ಕಿಟ್ಟು. ಸ್ಪ್ರಿಂಗು ಮೆತುವೋ ಗಡುಸೋ ಎಂಬುದು ನಿತ್ಯವೂ ಹೊರುವ ಭಾರವನ್ನು ಅನುಸರಿಸಿರಬೇಕು. ಗೊಬ್ಬರದ ಮೂಟೆಗಳಿಗೆಂದು ಗಡುಸಾದುದನ್ನು ಹಾಕಿಸಿ, ಬರಿಗಾಡಿಯಲ್ಲಿ ಅಜ್ಜಿಯನ್ನು ಕೂರಿಸಿದರೆ ಅವರ ಮಂಡಿಯ ಗತಿಯೇನು? ಎತ್ತರಿಸಿದ ಮೇಲೆ ಮುಂದಿನ ದೀಪಗಳನ್ನು ತಗ್ಗಿಸಿ ಹೊಂದಿಸದಿದ್ದರೆ ಎದುರಿನಿಂದ ಬರುವವರ ಕಣ್ಣು ಕುಕ್ಕುವುದು.

ಉರುಳುವ ಭಯವು ಅಕಾರಣವಲ್ಲ. ಜಿಮ್ನಿಯ ಅಗಲವು 1,645 ಮಿಲಿಮೀಟರು, ಎತ್ತರವು 1,720. ಹುಟ್ಟಿನಲ್ಲಿಯೇ ಅಗಲಕ್ಕಿಂತ ಎತ್ತರ ಹೆಚ್ಚಾದ ಗಾಡಿಯ ಭಾರವನ್ನು ಇನ್ನೂ ಮೇಲಕ್ಕೊಯ್ದರೆ ಘಾಟಿಯ ತಿರುವಿನಲ್ಲಿ ಅದರ ಸೈರಣೆಯು ಕುಗ್ಗುವುದು. ಸ್ಪ್ರಿಂಗಿನ ಎರಡು ಇಂಚಿಗೆ ಟೈರಿನ ಬೆರಳಗಲವನ್ನು ಸೇರಿಸಿದರೆ ಬಾಗಿಲ ಹೊಸ್ತಿಲು ಸುಮಾರು 70 ಮಿಲಿಮೀಟರು ಮೇಲೇರುವುದು. ಅಂದರೆ ಯಾರಿಗಾಗಿ ದಾರಿಯನ್ನು ಸುಗಮ ಮಾಡಹೊರಟೆವೋ ಆ ಅಜ್ಜಿಗೆ ಹತ್ತುವುದೇ ದುಸ್ತರವಾಗುವುದು. ಟೈರಿನ ವ್ಯಾಸವು ನೂರಕ್ಕೆ ಆರರ ಹತ್ತಿರ ಬೆಳೆದುದರಿಂದ 1,462 ಘನ ಸೆಂಟಿಮೀಟರಿನ ಆ ಎಂಜಿನಿಗೆ ಏರು ಹೆಚ್ಚು ಕಷ್ಟವಾಗುವುದು, ಬ್ರೇಕಿಗೂ ಹೊರೆ. ವೇಗಮಾಪಕವು 60 ತೋರಿಸುವಾಗ ಗಾಡಿಯು ಮೊದಲಿಗಿಂತ ಮೂರೂವರೆ ಕಿಲೋಮೀಟರಿನಷ್ಟು ಹೆಚ್ಚು ಓಡುತ್ತಿರುವುದು.

ರಾಜಶಾಸನವನ್ನೂ ಮರೆಯಲಾಗದು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ, ತಯಾರಕರು ಮೊದಲು ನಿರ್ದೇಶಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿಯೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಬಹುದೆಂದಾಯಿತು. ಕಿಟ್ಟಿನ ಪೆಟ್ಟಿಗೆಯಲ್ಲಿ ಬರುವ ಕಾಗದವು ಅನೇಕವೇಳೆ ಆಸ್ಟ್ರೇಲಿಯದವರಿಗಾಗಿ ಬರೆದದ್ದು. ಅಲ್ಲಿಯ ನಿಯಮ ಬೇರೆ, ಇಲ್ಲಿಯದು ಬೇರೆ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದು ಇಂಥವುಗಳನ್ನೇ. ಆದುದರಿಂದ ಟೈರಿನ ಅಳತೆಯನ್ನು ಬದಲಾಯಿಸುವುದಾದರೂ ತಯಾರಕರ ಅಧಿಕೃತ ಮಳಿಗೆಯವರನ್ನೂ ವಿಮೆಯವರನ್ನೂ ಬರಹದಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯತಕ್ಕದ್ದು.

ನಮ್ಮ ಅಭಿಪ್ರಾಯವನ್ನು ಕೇಳುವುದಾದರೆ, ಆ ಮನೆಗೆ ಕಿಟ್ಟು ಬೇಡ. ಕೆಸರಿನಲ್ಲಿ ಗಾಲಿಯು ಬರಿದೆ ಸುತ್ತುವುದು ಎತ್ತರ ಸಾಲದೆ ಅಲ್ಲ, ಹಿಡಿತ ಸಾಲದೆ. ಉಪ್ಪರಿಗೆಗಳು ಆಳವಾಗಿರುವ, ಮಣ್ಣುದಾರಿಗೂ ಡಾಂಬರಿಗೂ ಆಗುವ ಟೈರುಗಳು ಮೂಲ ಅಳತೆಯಲ್ಲಿ ದೊರೆತರೆ ಉತ್ತಮ. ಒಪ್ಪಿಗೆ ದೊರೆತಲ್ಲಿ 215/75 ಆಗಬಹುದು. ಅದು ಜಿಮ್ನಿಯ ಐದೂವರೆ ಇಂಚು ಅಗಲದ ಚಕ್ರಕ್ಕೆ ಸಲ್ಲುವುದು. 235 ಸಲ್ಲದು, ಅದಕ್ಕೆ ಕನಿಷ್ಠ ಆರು ಇಂಚಿನ ಚಕ್ರ ಬೇಕು, ಅಂದರೆ ಮತ್ತೊಂದು ಖರ್ಚು. ಟೈರಿನ ಮೇಲಿನ ಭಾರದ ಅಂಕವು ಮೂಲದ 96ಕ್ಕಿಂತ ಕಡಮೆಯಿರಬಾರದು. 96 ಎಂದರೆ ಟೈರೊಂದಕ್ಕೆ 710 ಕಿಲೋಗ್ರಾಂ. ಉಳಿದ ಹಣದಲ್ಲಿ ಮಳೆ ಹಿಡಿಯುವುದಕ್ಕೆ ಮುಂಚೆ ನಾಲ್ಕು ಟ್ರೇಲರು ಜಲ್ಲಿಯನ್ನು ತರಿಸಿ ಜಾಡುಗಳಿಗೆ ತುಂಬಿಸಿ, ನಡುವಣ ದಿಣ್ಣೆಯನ್ನು ಕಡಿಸಿದರೆ, ಬೆರಳಗಲವೇಕೆ, ಗೇಣು ಅಂತರವೇ ದೊರೆತೀತು. ತರುಣರಿಗೆ ಇದು ರುಚಿಸುವುದಿಲ್ಲವೆಂಬುದನ್ನು ಬಲ್ಲೆವು.

ಟೈರು ಕೊಳ್ಳುವಾಗ ನಾಲ್ಕಲ್ಲ, ಐದನ್ನು ಕೊಳ್ಳಿರಿ. ಈ ಗಾಡಿಯಲ್ಲಿ ನಾಲ್ಕು ಚಕ್ರಕ್ಕೂ ಬಲ ಹಾಯಿಸಿದಾಗ ಮುಂದಿನ ಅಚ್ಚೂ ಹಿಂದಿನ ಅಚ್ಚೂ ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಹಿಂಬಾಗಿಲಿಗೆ ನೇತುಹಾಕಿದ ಹಳೆಯ ಸಣ್ಣ ಟೈರನ್ನು ಪಂಕ್ಚರಾದ ದಿನ ಹಾಕಿಕೊಂಡು, ಸನ್ನೆಯನ್ನೆಳೆದು ಬಿಗಿನೆಲದಲ್ಲಿ ಏರನ್ನು ಹತ್ತಿದರೆ, ಅಳತೆಯ ವ್ಯತ್ಯಾಸವೆಲ್ಲ ಹಲ್ಲುಗಾಲಿಗಳ ಮೇಲೆ ಬಿದ್ದು ಸವೆಸುವುದು.