ಹಳಿ ಕಿತ್ತ ಮೇಲೆ ಹುಟ್ಟಿದ ದಾರಿಗಳು

ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ಕಡಲಿಗೂ ಬೋರ್ಡೊ ನಗರಕ್ಕೂ ನಡುವೆ ಹಬ್ಬಿದ ಪೈನ್ ಕಾಡಿನಲ್ಲಿ ಒಂದು ಕಿರಿದಾದ ಕಾಂಕ್ರೀಟ್ ದಾರಿಯಿದೆ. ಊರ್ತಾಂ, ಕರ್ಕಾಂ, ಲಕನೊ ಎಂಬ ಊರುಗಳ ಬೆನ್ನಿಗೆ, ಮರಳುದಿಬ್ಬಗಳು ಏರಿದಲ್ಲಿ ಏರಿ ಇಳಿದಲ್ಲಿ ಇಳಿದು ಸಾಗುತ್ತದೆ. ಚಪ್ಪಡಿಗಳ ಸಂದು ಬಂದಾಗಲೆಲ್ಲ ಸೈಕಲ್ಲಿನ ಮುಂದಿನ ಗಾಲಿ ಟಕ್ಕೆನ್ನುತ್ತದೆ. ಪೈನ್ ಬೇರು ಚಪ್ಪಡಿಯನ್ನು ಎತ್ತಿ ಹಿಡಿದ ಕಡೆ ಸೊಂಟ ಗಟ್ಟಿಯಾಗಿರಬೇಕು. ಎರಡೂ ಬದಿಗೆ ಚೀಲ ತೂಗುಹಾಕಿದ ಸೈಕಲ್ಲುಗಳು ಎದುರುಬದುರಾದರೆ ಯಾರಾದರೊಬ್ಬರು ಒಣಗಿದ ಸೂಜಿ ಎಲೆಗಳ ಮೇಲೆ ಇಳಿದು ದಾರಿ ಬಿಡುವುದು ವಾಡಿಕೆ. ಬೇಸಿಗೆ ಬಂತೆಂದರೆ ಯುರೋಪಿನ ನಾಲ್ಕೂ ದಿಕ್ಕಿನ ಪ್ರವಾಸಿಗರು ತುಳಿಯುವ ಈ ದಾರಿಯ ಹಲವು ತುಣುಕುಗಳನ್ನು ಹಾಕಿದ್ದು ಎರಡನೇ ಮಹಾಯುದ್ಧದ ಜರ್ಮನ್ ಸೇನೆ. ಕಡಲಂಚಿನ ಬಂಕರುಗಳಿಗೆ ಸಾಮಾನು ಸಾಗಿಸಲು ಅವರಿಗೆ ಮರಳಲ್ಲಿ ಹೂತುಹೋಗದ ರಸ್ತೆ ಬೇಕಿತ್ತು. ಸೇನೆ ಸೋತು ಹೋಯಿತು, ಕಾಂಕ್ರೀಟು ಉಳಿಯಿತು. ಅದರ ಮೇಲೆ ಸೈಕಲ್ ಓಡಿಸಬಹುದೆಂದು ಹೊಳೆದದ್ದು ಆಮೇಲಿನವರಿಗೆ.

ಮೋಟಾರು ಸುಳಿಯದ ದೂರದ ಸೈಕಲ್ ದಾರಿಗಳು ಫ್ರಾನ್ಸಿನಲ್ಲಿ ಸರ್ಕಾರದ ನೀತಿಯಾಗಿ ಮೂವತ್ತು ವರ್ಷಗಳ ಹತ್ತಿರ ಬಂತು. ಬರ್ಗಂಡಿಯ ವೈನ್ ಸೀಮೆಯಲ್ಲಿ ಜಿವ್ರಿಯಿಂದ ಕ್ಲೂನಿವರೆಗೆ, ರೈಲು ನಿಂತುಹೋದ ಹಾದಿಯ ಮೇಲೆ 44 ಕಿ.ಮೀ. ಸಿದ್ಧಪಡಿಸಿ 1997ರಲ್ಲಿ ತೆರೆದರು; ದೇಶದ ಮೊದಲ ‘ವ್ವಾ ವೆರ್ತ್’, ಅಂದರೆ ಹಸಿರು ದಾರಿ, ಎಂಬ ಹೆಸರು ಅದಕ್ಕೆ. ಮರುವರ್ಷ ಡಿಸೆಂಬರಿನಲ್ಲಿ ಇಡೀ ದೇಶಕ್ಕೆ ಇಂಥ ದಾರಿಗಳ ನಕಾಶೆಯನ್ನು ಸರ್ಕಾರ ಒಪ್ಪಿತು. 2004ರಲ್ಲಿ ಹಸಿರು ದಾರಿ ಸಂಚಾರ ನಿಯಮದ ಪುಸ್ತಕವನ್ನು ಸೇರಿತು: ನಡೆಯುವವರು, ಸೈಕಲ್ಲಿನವರು, ಕೆಲವೆಡೆ ಕುದುರೆ ಸವಾರರು ಒಳಗೆ; ಕಾರು, ಬೈಕು ಹೊರಗೆ. 2010ರಲ್ಲಿ ನಕಾಶೆ ಪರಿಷ್ಕಾರವಾಯಿತು. 2012ರಲ್ಲಿ ಬ್ರಿಟನಿಯ ರೊಸ್ಕೋಫ್‌ನಿಂದ ಸ್ಪೇನ್ ಗಡಿಯ ಆಂದೇಯ್‌ವರೆಗೆ 1,200 ಕಿ.ಮೀ. ಮೀರಿದ ಕರಾವಳಿ ದಾರಿ ‘ವೆಲೊಡಿಸೆ’ ಎಂಬ ಹೆಸರಿನಲ್ಲಿ ಉದ್ಘಾಟನೆಯಾಯಿತು. ಮೇಲೆ ಹೇಳಿದ ಕಾಂಕ್ರೀಟು ಈಗ ಅದರದೇ ಭಾಗ.

ಇದನ್ನೆಲ್ಲ ದೂರದೃಷ್ಟಿಯ ಫಲವೆಂದು ವರ್ಣಿಸುವುದು ಅಲ್ಲಿನ ಪ್ರವಾಸೋದ್ಯಮದವರ ರೂಢಿ. ನನಗೆ ಅಷ್ಟು ಭರವಸೆ ಇಲ್ಲ. ಮೂರು ದಶಕದ ನಕಾಶೆಯನ್ನು ಬಿಡಿಸಿ ಹರಡಿ ನೋಡಿದರೆ ಕಣ್ಣಿಗೆ ಬೀಳುವುದು ಬೇರೆಯೇ: ಯಾರಾದರೂ ಬಿಟ್ಟುಹೋದ ಜಾಗ ಸಿಕ್ಕಿದ ಕಡೆ ದಾರಿ ಆಗಿದೆ. ರೈಲು ಬಿಟ್ಟ ಹಾದಿ, ಸೇನೆ ಬಿಟ್ಟ ಕಾಂಕ್ರೀಟು, ದೋಣಿ ಎಳೆಯುತ್ತಿದ್ದ ಕುದುರೆಗಳು ಬಿಟ್ಟ ಕಾಲುವೆ ದಂಡೆ. ಬಾಳುವ ಜಾಗವನ್ನು ಬಾಳುವವರ ಕೈಯಿಂದ ಕೇಳಿ ಪಡೆಯಬೇಕಾದ ಕಡೆ ಬಹುತೇಕ ಆಗಿಲ್ಲ. ಜಿರೋಂದ್ ಜಿಲ್ಲೆಯಲ್ಲಿ ಕಡಲೂ ಇದೆ, ದ್ರಾಕ್ಷಿಯೂ ಇದೆ. ಆದ್ದರಿಂದ ಈ ಮಾತನ್ನು ಅಲ್ಲಿಯೇ ಪರೀಕ್ಷಿಸಬಹುದು.

ದ್ರಾಕ್ಷಿ ಸೀಮೆಯ ಕಡೆಯಿಂದ ನೋಡೋಣ. ಬೋರ್ಡೊದಿಂದ ಆಗ್ನೇಯಕ್ಕೆ, ಗರೊನ್ ಮತ್ತು ದೊರ್ದೋನ್ಯ ನದಿಗಳ ನಡುವಿನ ದಿಣ್ಣೆ ನಾಡನ್ನು ಆಂತ್ರ್-ದ-ಮೇರ್ ಎನ್ನುತ್ತಾರೆ. ಇಲ್ಲಿಯ ಬಿಳಿ ವೈನಿಗೆ ಇದೇ ಹೆಸರು. ಈ ನಾಡಿನ ಮಧ್ಯೆ ಹಾದುಹೋಗುತ್ತಿದ್ದ ಒಂದು ಚಿಕ್ಕ ರೈಲು ಮಾರ್ಗ ಮುಚ್ಚಿದ ಮೇಲೆ, ಐವತ್ತಕ್ಕೂ ಹೆಚ್ಚು ಕಿಲೋಮೀಟರು ಸೈಕಲ್ ದಾರಿಯಾಗಿ ಸೋವ್‌ತೆರ್-ದ-ಗ್ಯುಯೆನ್ ಎಂಬ ಹದಿಮೂರನೇ ಶತಮಾನದ ಕೋಟೆಯೂರಿನವರೆಗೆ ಹೋಗುತ್ತದೆ. ಆ ಊರನ್ನು 1281ರಲ್ಲಿ ಸ್ಥಾಪಿಸಿದವನು ಇಂಗ್ಲೆಂಡಿನ ಒಂದನೇ ಎಡ್ವರ್ಡ್; ಆಗ ಈ ಸೀಮೆಯೆಲ್ಲ ಅವನ ಕೈಯಲ್ಲಿತ್ತು. ರೈಲಿಗೆ ಕಡಿದಾದ ಏರು ಆಗದು. ಅದಕ್ಕಾಗಿ ಅಂದಿನ ಎಂಜಿನಿಯರುಗಳು ದಿಣ್ಣೆಗಳನ್ನು ಬಳಸಿ, ಕೆಲವನ್ನು ಸೀಳಿ, ಒಂದನ್ನು ಸುರಂಗ ಕೊರೆದು ದಾಟಿಸಿದರು. ಆ ಖರ್ಚಿನ ಫಲವನ್ನು ಈಗ ಉಣ್ಣುತ್ತಿರುವವರು ಮೊಣಕಾಲು ನೋವಿನ ಹಿರಿಯರು ಮತ್ತು ಹಿಂದಿನ ಸೀಟಿನಲ್ಲಿ ಮಗು ಕೂರಿಸಿಕೊಂಡ ತಾಯಂದಿರು. ಗೇಟುಕಾವಲಿನವನ ಮನೆಗಳಲ್ಲಿ ಈಗ ಸಂಸಾರಗಳಿವೆ. ಕ್ರೆಯೋನ್ ಎಂಬ ಪೇಟೆಯ ಹಳೆ ನಿಲ್ದಾಣದಲ್ಲಿ ಟಿಕೆಟ್ಟಿನ ಬದಲು ಬಾಡಿಗೆ ಸೈಕಲ್ಲು ಕೊಡುತ್ತಾರೆ. ಆ ಊರು ತನ್ನನ್ನು ಫ್ರಾನ್ಸಿನ ಮೊದಲ ‘ಸೈಕಲ್ ಸ್ಟೇಷನ್’ ಎಂದು ಕರೆದುಕೊಳ್ಳುತ್ತದೆ.

ದಾರಿಗೆ ಇಟ್ಟಿರುವುದು ರೋಜೆ ಲಪೆಬಿ ಎಂಬ ಸೈಕಲ್ ವೀರನ ಹೆಸರು. 1937ರ ಟೂರ್ ಡಿ ಫ್ರಾನ್ಸ್ ಗೆದ್ದವನು. ಗೇರು ಬದಲಿಸುವ ಡಿರೇಲರ್ ಬಳಸಿ ಆ ಸ್ಪರ್ಧೆ ಗೆದ್ದವರಲ್ಲಿ ಮೊದಲಿಗ, ಏಕೆಂದರೆ ಆ ವರ್ಷವೇ ಅದಕ್ಕೆ ಅಪ್ಪಣೆ ಸಿಕ್ಕಿತ್ತು. ಆ ಗೆಲುವಿನ ಕತೆ ಅಷ್ಟು ನೇರವಲ್ಲ. ಪೊ ಪಟ್ಟಣದಿಂದ ಬೋರ್ಡೊಗೆ ಬರುವ ದಿನ ಮುಂಚೂಣಿಯಲ್ಲಿದ್ದ ಬೆಲ್ಜಿಯಮ್ಮಿನ ಸಿಲ್ವೆರ್ ಮೇಸ್‌ನ ಗಾಲಿಗೆ ಪಂಚರಾಯಿತು, ಲಪೆಬಿ ಮುಂದೆ ನುಗ್ಗಿದ, ಮತ್ತು ಬೆನ್ನಟ್ಟಿ ಬಂದ ಮೇಸ್‌ನ ಎದುರಿಗೆ ಒಂದು ರೈಲ್ವೆ ಗೇಟು ಮುಚ್ಚಿಕೊಂಡಿತು. ಬೇಕೆಂದೇ ಮುಚ್ಚಿದರೆಂದು ಬೆಲ್ಜಿಯನ್ನರ ದೂರು. ದಂಡದ ಸೆಕೆಂಡುಗಳ ಜಗಳ, ಪ್ರೇಕ್ಷಕರ ಹಗೆತನ ಎಲ್ಲ ಸೇರಿ, ಹಳದಿ ಅಂಗಿ ತೊಟ್ಟಿದ್ದ ಮೇಸ್ ತನ್ನ ತಂಡದೊಂದಿಗೆ ಬೋರ್ಡೊದಲ್ಲೇ ಸ್ಪರ್ಧೆ ಬಿಟ್ಟು ಮನೆಗೆ ಹೊರಟ. ರೈಲ್ವೆ ಗೇಟಿನ ಪುಣ್ಯ ಪಡೆದವನ ಹೆಸರನ್ನೇ ಸತ್ತ ರೈಲು ಮಾರ್ಗಕ್ಕೆ ಇಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತೋ ಏನೋ. ಈಗ ಅದೇ ದಾರಿಯಲ್ಲಿ ರಸ್ತೆ ಅಡ್ಡ ಬಂದ ಕಡೆಯೆಲ್ಲ ಸೈಕಲ್ಲಿನವರು ನಿಂತು, ಕಾರು ಹೋಗಲು ಬಿಟ್ಟು ಮುಂದುವರಿಯುತ್ತಾರೆ.

ಇಷ್ಟು ಗೆಲುವಿನ ಪಟ್ಟಿ. ಇನ್ನು ಮೆದೋಕ್.

ಬೋರ್ಡೊದ ಉತ್ತರಕ್ಕೆ, ನದೀಮುಖದ ಎಡದಂಡೆಯ ಮೆದೋಕ್ ಸೀಮೆಯ ಹೆಸರು ಕೇಳದ ವೈನ್ ಪ್ರಿಯರಿಲ್ಲ. 1855ರ ಶ್ರೇಣೀಕರಣದಲ್ಲಿ ಸೇರಿದ ಕೆಂಪು ವೈನುಗಳು, ಒಂದನ್ನು ಬಿಟ್ಟು, ಎಲ್ಲವೂ ಇಲ್ಲಿಯವು. ಮಾರ್ಗೊ, ಪೊಯಾಕ್ ಮುಂತಾದ ಊರುಗಳನ್ನು ಪೋಣಿಸುವ ‘ದೆ-ದ’ ಎಂಬ ರಸ್ತೆಯ ಎರಡೂ ಕಡೆ ಅರಮನೆಗಳಂಥ ಮನೆಗಳು. ಜಗತ್ತಿನ ಅತಿ ದುಬಾರಿ ದ್ರಾಕ್ಷಿ ಬಳ್ಳಿಗಳ ನಡುವೆ ಹೋಗುವ ಈ ರಸ್ತೆಯುದ್ದಕ್ಕೂ ಸೈಕಲ್ಲಿಗೆಂದು ಬೇರೆ ದಾರಿ ಇಂದಿಗೂ ಇಲ್ಲ; ಪ್ರವಾಸಿ ಬಸ್ಸು, ಟ್ರ್ಯಾಕ್ಟರುಗಳ ಜೊತೆಗೇ ತುಳಿಯಬೇಕು. ಕಾರಣಕ್ಕೆ ದೂರ ಹೋಗಬೇಕಿಲ್ಲ. ಅಲ್ಲಿ ರೈಲು ಈಗಲೂ ಓಡುತ್ತದೆ, ಮತ್ತು ಅಲ್ಲಿ ಎರಡು ಸಾಲು ಬಳ್ಳಿ ಕಿತ್ತು ದಾರಿಗೆ ಜಾಗ ಬಿಡುವುದೆಂದರೆ ಬಂಗಾರ ಬಿಟ್ಟಂತೆ. ಆದ್ದರಿಂದ ಕರಾವಳಿಯ ಪೈನ್ ಕಾಡಿನಲ್ಲೊಂದು ದಾರಿ, ಆಂತ್ರ್-ದ-ಮೇರ್‌ನಲ್ಲೊಂದು ದಾರಿ, ನಡುವೆ ಜಿಲ್ಲೆಯ ಅತಿ ಹೆಸರಾಂತ ತೋಟಗಳು ಹೊರಗೆ. ಬೋರ್ಡೊದಿಂದ ಲಕನೊ ಕಡಲತೀರಕ್ಕೆ ಹೋಗುವ ದಾರಿ ಮಾತ್ರ ಸುಸೂತ್ರ. ಊಹಿಸಿದಂತೆಯೇ, ಅದೂ ಹಳೆಯ ರೈಲು ಮಾರ್ಗ.

ಕಾಲುವೆಯ ಕತೆ ಇದಕ್ಕಿಂತ ವಿಚಿತ್ರ. ಅಟ್ಲಾಂಟಿಕ್ ತೀರದ ರ್ವಾಯಾಂನಿಂದ ಮೆಡಿಟರೇನಿಯನ್ ತೀರದ ಸೇತ್‌ವರೆಗೆ ಎರಡು ಕಡಲುಗಳನ್ನು ಕೂಡಿಸುವ ಸೈಕಲ್ ಮಾರ್ಗ ಲಪೆಬಿ ದಾರಿಯ ಮೂಲಕ ಹಾದು, ಗರೊನ್ ಕಾಲುವೆ ಹಿಡಿದು ತುಲೂಸ್ ಸೇರಿ, ಅಲ್ಲಿಂದ ಕನಾಲ್ ದ್ಯು ಮಿದಿಯ ದಂಡೆಯಲ್ಲಿ ಮುಂದುವರಿಯುತ್ತದೆ. ತುಲೂಸ್ ದಾಟಿ ಆ ನಗರದ ಜಿಲ್ಲೆಯ ಗಡಿವರೆಗೂ ನುಣುಪು ಡಾಂಬರು. ಗಡಿ ದಾಟಿದರೆ ಹಲವೆಡೆ ಬೇರು, ಕಲ್ಲು, ಮಳೆ ಬಂದರೆ ಕೆಸರು. ಕಾಲುವೆ ಒಂದೇ, ಯುನೆಸ್ಕೊ ಪಟ್ಟಿಯಲ್ಲಿ 1996ರಿಂದ ಇರುವುದೂ ಒಂದೇ. ದುಡ್ಡು ಕೊಡುವ ಜಿಲ್ಲಾ ಮಂಡಳಿಗಳು ಬೇರೆ ಬೇರೆ. ನೆರಳಿಗೆಂದು ದಂಡೆಯುದ್ದಕ್ಕೂ ನೆಟ್ಟಿದ್ದ ಸುಮಾರು 42,000 ಪ್ಲೇನ್ ಮರಗಳಲ್ಲಿ 2006ರಲ್ಲಿ ಒಂದು ಶಿಲೀಂಧ್ರ ರೋಗ ಪತ್ತೆಯಾಯಿತು, ಅಲ್ಲಿಂದ ಸಾವಿರಾರು ಮರ ಕಡಿದು ಸುಟ್ಟರು. ಈ ರೋಗ ಯುದ್ಧಕಾಲದಲ್ಲಿ ಅಮೆರಿಕದಿಂದ ಬಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಫ್ರಾನ್ಸಿಗೆ ಇಳಿಯಿತೆಂಬುದು ಸಾಮಾನ್ಯವಾಗಿ ಒಪ್ಪಿದ ವಿವರಣೆ. ಒಂದು ಕಡಲಿನ ಬಳಿ ಯುದ್ಧ ದಾರಿಯನ್ನು ಬಿಟ್ಟುಹೋಯಿತು, ಇನ್ನೊಂದರ ಬಳಿ ದಾರಿಯ ನೆರಳನ್ನು ಕಿತ್ತುಕೊಂಡಿತು.

ಈಗ ಈ ಲೆಕ್ಕದ ಹೆಚ್ಚು ಭಾರದ ಭಾಗ. ದಾರಿ ಹಾಕುವುದನ್ನೇ ಸಾಧನೆಯೆಂದು ಎಣಿಸುತ್ತಾ ಬಂದ ಮೂರು ದಶಕಗಳಲ್ಲಿ ದಾರಿಯ ಕೆಳಗಿನ ನೆಲ ಸುಮ್ಮನಿರಲಿಲ್ಲ. ಜಿರೋಂದ್ ಕರಾವಳಿಯ ಸುಲಾಕ್ ಎಂಬ ಊರಿನಲ್ಲಿ 1960ರ ದಶಕದ ಕೊನೆಗೆ ‘ಲ ಸಿನ್ಯಾಲ್’ ಎಂಬ ಅಪಾರ್ಟ್‌ಮೆಂಟು ಕಟ್ಟಿದಾಗ ಕಡಲು ಇನ್ನೂರು ಮೀಟರು ದೂರದಲ್ಲಿತ್ತು. 2014ರಲ್ಲಿ ಅದರ ನಿವಾಸಿಗಳನ್ನು ತೆರವು ಮಾಡಿಸಿದರು. 2023ರಲ್ಲಿ ಕಟ್ಟಡವನ್ನೇ ಕೆಡವಿದರು. ಅದೇ ಕಡಲಿನಂಚಿನಲ್ಲಿ ವೆಲೊಡಿಸೆ ಸಾಗುತ್ತದೆ. ದಕ್ಷಿಣಕ್ಕೆ ಪಿಲಾ ಮರಳುದಿಬ್ಬ ನೂರು ಮೀಟರಿಗೂ ಎತ್ತರಕ್ಕೆ ನಿಂತಿದೆ, ವರ್ಷಕ್ಕೆ ಕೆಲವು ಮೀಟರು ಕಾಡಿನೊಳಕ್ಕೆ ಸರಿಯುತ್ತದೆ. ಆ ಕಾಡಾದರೂ ಸಹಜ ಕಾಡಲ್ಲ. ಜೌಗು ಬಸಿದು ಪೈನ್ ನೆಡಬೇಕೆಂದು ಮೂರನೇ ನೆಪೋಲಿಯನ್ನನ ಕಾಲದಲ್ಲಿ, 1857ರ ಕಾನೂನು ಊರುಗಳ ಮೇಲೆ ಹೇರಿದ ಒಂದೇ ಜಾತಿಯ ಮರಗಳ ತೋಪು. 2022ರ ಜುಲೈಯಲ್ಲಿ ಪಿಲಾದ ಬುಡದಲ್ಲೂ ಒಳನಾಡಿನ ಲಾಂದಿರಾದಲ್ಲೂ ಹತ್ತಿದ ಬೆಂಕಿಗೆ ಸುಮಾರು 20,000 ಹೆಕ್ಟೇರ್ ಉರಿಯಿತು, ಸೈಕಲ್ ಪ್ರವಾಸಿಗರು ತಂಗುತ್ತಿದ್ದ ಕ್ಯಾಂಪುಗಳೂ ಬೂದಿಯಾದವು. ಈಗ ಬೆಂಕಿಯ ಎಚ್ಚರಿಕೆ ಕೆಂಪು ಮಟ್ಟಕ್ಕೇರಿದ ದಿನ ಕಾಡಿನೊಳಗೆ ಹೋಗುವಂತಿಲ್ಲ. ಕಡಲಿಗೆ ಹೋಗಲು ಸೈಕಲ್ಲಿನವನು ಮತ್ತೆ ಕಾರು ರಸ್ತೆಗೇ ಬೀಳುತ್ತಾನೆ, ಅದೂ ರಜೆಯ ಜುಲೈ-ಆಗಸ್ಟ್ ದಟ್ಟಣೆಯಲ್ಲಿ.

ಇತ್ತ ದ್ರಾಕ್ಷಿ ಸೀಮೆಯಲ್ಲಿ ದ್ರಾಕ್ಷಿಯೇ ಕಡಿಮೆಯಾಗುತ್ತಿದೆ. ಫ್ರೆಂಚರು ಮೊದಲಿನಷ್ಟು ಕೆಂಪು ವೈನು ಕುಡಿಯುತ್ತಿಲ್ಲ, ಚೀನಾ ಮೊದಲಿನಷ್ಟು ಕೊಳ್ಳುತ್ತಿಲ್ಲ. 2023ರಲ್ಲಿ ಸರ್ಕಾರವೂ ಬೋರ್ಡೊ ವೈನ್ ಮಂಡಳಿಯೂ ಸೇರಿ ಹೆಕ್ಟೇರಿಗೆ 6,000 ಯೂರೊ ಪರಿಹಾರ ಕೊಟ್ಟು ಸುಮಾರು 9,500 ಹೆಕ್ಟೇರ್ ಬಳ್ಳಿ ಕೀಳಿಸುವ ಯೋಜನೆ ತಂದವು. ಬೋರ್ಡೊ ದ್ರಾಕ್ಷಿ ಸೀಮೆಯ ಹತ್ತರಲ್ಲಿ ಒಂದು ಪಾಲಿನ ಹತ್ತಿರ. ಮೆದೋಕಿನ ಅರಮನೆಗಳಿಗೆ ಇದರ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಕೀಳಬೇಕಾಗಿ ಬಂದವರಲ್ಲಿ ಹೆಚ್ಚಿನವರು ಆಂತ್ರ್-ದ-ಮೇರ್‌ನಂಥ ಕಡೆ ಅಗ್ಗದ ಬೋರ್ಡೊ ಮಾಡುತ್ತಿದ್ದ ಸಣ್ಣ ಬೆಳೆಗಾರರು, ಅಂದರೆ ಸೈಕಲ್ ದಾರಿ ಹಾದುಹೋಗುವ ತೋಟಗಳವರು. ಪ್ರವಾಸೋದ್ಯಮದ ಪುಸ್ತಿಕೆಯಲ್ಲಿ ಬಳ್ಳಿಯ ಸಾಲುಗಳು ಹಸಿರಾಗಿಯೇ ಇವೆ. ಹೊಲದಲ್ಲಿ ಬೇರು ಸಮೇತ ಕಿತ್ತ ಬೊಡ್ಡೆಗಳ ರಾಶಿ. ಸೈಕಲ್ ಪ್ರವಾಸ ಈ ಹಳ್ಳಿಗಳನ್ನು ಉಳಿಸುತ್ತದೆ ಎಂಬ ಮಾತು ಕೇಳಿಬರುತ್ತದೆ; ನಾಲ್ಕು ಕೋಣೆ ಬಾಡಿಗೆಗೆ ಕೊಟ್ಟು, ದಿನಕ್ಕೆ ಆರು ಬಾಟಲಿ ಮಾರಿ ಒಂದು ತೋಟ ನಡೆಯುವುದಿಲ್ಲ. ಅದೂ ಅಲ್ಲದೆ ಚೀಲದಲ್ಲಿ ಡೇರೆ ಹೊತ್ತವನು ಬಾಟಲಿ ಹೊರುವುದು ಎಷ್ಟು? ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯದ ಮಿತಿ ಸೈಕಲ್ಲಿನವನಿಗೂ ಉಂಟು.

ಈ ಸೀಮೆಯೊಂದಿಗೆ ಕರ್ನಾಟಕಕ್ಕೆ ಒಂದು ನಂಟಿದೆ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ದ್ರಾಕ್ಷಿ ತೋಟಕ್ಕೆ 1990ರ ದಶಕದಲ್ಲಿ ಸಲಹೆಗಾರರಾಗಿ ಬಂದವರು ಮಿಶೆಲ್ ರೊಲಾಂ. ಬೋರ್ಡೊದ ಬಲದಂಡೆಯ ಲಿಬೂರ್ನ್‌ನವರು. ವೈನಿನ ವಿದ್ಯೆ ಅಲ್ಲಿಂದ ಇಲ್ಲಿಗೆ ಬಂದು ಬೇರೂರಿತು. ಅದೇ ನಂದಿಗೆ ಬೆಂಗಳೂರಿನ ಸೈಕಲ್ಲಿನವರು ಭಾನುವಾರ ನಸುಕಿನಲ್ಲಿ ಹೊರಡುವುದು ವಿಮಾನ ನಿಲ್ದಾಣದ ಹೆದ್ದಾರಿಯ ಅಂಚು ಹಿಡಿದು, ಬೆನ್ನಿಗೆ ಟ್ಯಾಕ್ಸಿಗಳ ಗಾಳಿ ಬಡಿಸಿಕೊಂಡು. ಚಿಕ್ಕಬಳ್ಳಾಪುರದ ರೈಲು ಮಾರ್ಗ ಬದುಕಿದೆ, ಬದುಕಲಿ. ಹಾಗಾಗಿ ಬಿಟ್ಟುಹೋದ ಹಾದಿಗಾಗಿ ಕಾಯುವ ಫ್ರೆಂಚ್ ಉಪಾಯ ಇಲ್ಲಿ ನಡೆಯದು. ಮೆದೋಕಿನವರ ಕಷ್ಟವೇ ನಮ್ಮದೂ.

ಇನ್ನೊಂದು ಬಾಕಿ ಉಳಿದಿದೆ, ಮತ್ತು ಅದು ಎಲ್ಲಕ್ಕಿಂತ ಸುಲಭವಾಗಿ ತೀರಿಸಬಹುದಾದದ್ದು. ರೈಲು ಸತ್ತದ್ದರಿಂದ ಹುಟ್ಟಿದ ಈ ದಾರಿಗಳಿಗೆ ಕಾರಿಲ್ಲದವರು ತಲುಪುವುದು ರೈಲಿನಲ್ಲೇ. 2021ರ ಜನವರಿಯ ಆದೇಶದ ಪ್ರಕಾರ ಹೊಸದಾಗಿ ಬರುವ ಅಥವಾ ನವೀಕರಿಸುವ ರೈಲುಗಳಲ್ಲಿ ಬಿಚ್ಚದ ಸೈಕಲ್ಲುಗಳಿಗೆ ಸಾಮಾನ್ಯವಾಗಿ ಕನಿಷ್ಠ 8 ಜಾಗ ಇರಬೇಕು. ನಾಲ್ಕು ಜನರ ಎರಡು ಸಂಸಾರ ಹತ್ತಿದರೆ ಮುಗಿಯಿತು. ಅದಕ್ಕೂ ಹಳೆಯ ಬೋಗಿಗಳು ಬದಲಾಗುವವರೆಗೆ ಕಾಯಬೇಕು. ಸಾವಿರಾರು ಕಿಲೋಮೀಟರು ಡಾಂಬರಿಗೆ ದುಡ್ಡು ಹುಟ್ಟಿಸಿದ ಆಡಳಿತ ಒಂದು ಸಾಮಾನು ಬೋಗಿಗೆ ಜಿಪುಣತನ ಮಾಡುತ್ತಿರುವುದರಿಂದ, ಕಾರಿನಿಂದ ಬಿಡುಗಡೆ ಬಯಸಿ ಬರುವವರಲ್ಲಿ ಎಷ್ಟೋ ಮಂದಿ ಕಾರಿನ ತಲೆಯ ಮೇಲೆ ಸೈಕಲ್ಲು ಕಟ್ಟಿಕೊಂಡೇ ಬರುತ್ತಿದ್ದಾರೆ. ಮುಂದಿನ ಬಜೆಟ್ಟಿನಲ್ಲಿ ಹೊಸ ದಾರಿಯ ಉದ್ಘಾಟನೆಗೆ ಮೊದಲು ಬೋರ್ಡೊ ರೈಲುಗಳಿಗೆ ಜುಲೈ, ಆಗಸ್ಟ್‌ನಲ್ಲಿ ಒಂದೊಂದು ಸೈಕಲ್ ಬೋಗಿ ಜೋಡಿಸಲಿ, ಆಮೇಲೆ ಮೆದೋಕಿನ ರಸ್ತೆಯ ಬದಿಗೆ ಎರಡು ಸಾಲು ಬಳ್ಳಿಯ ಬೆಲೆ ಎಷ್ಟೆಂದು ಅರಮನೆಯವರನ್ನು ಕೇಳಲಿ.