ನಂದಿ ಕಣಿವೆಗೆ ಗಡಿ ಯಾರು ಗುರುತಿಸಬೇಕು?

ಐರೋಪ್ಯ ಒಕ್ಕೂಟದೊಡನೆ ಭಾರತ 2007ರಲ್ಲಿ ಆರಂಭಿಸಿ, 2013ರಲ್ಲಿ ಕೈಬಿಟ್ಟು, 2022ರಲ್ಲಿ ಮತ್ತೆ ಕೈಗೆತ್ತಿಕೊಂಡ ಮುಕ್ತ ವ್ಯಾಪಾರದ ಮಾತುಕತೆ 2026ರ ಜನವರಿಯಲ್ಲಿ ಮುಕ್ತಾಯ ಕಂಡಿತು. ಕಾರುಗಳ ಕುರಿತು ನಡೆದಷ್ಟು ಚರ್ಚೆ ವೈನ್ ಕುರಿತು ನಡೆಯಲಿಲ್ಲ. ಆಮದು ವೈನಿನ ಮೇಲಿರುವ ಶೇ 150ರ ಸುಂಕ ಒಪ್ಪಂದ ಜಾರಿಯಾದೊಡನೆ ಅರ್ಧಕ್ಕೆ ಇಳಿಯಲಿದೆ. ಮುಂದಿನ ಹಂತಗಳಲ್ಲಿ ದುಬಾರಿ ವೈನಿಗೆ ಅದು ಶೇ 20ಕ್ಕೆ ಕುಗ್ಗಲಿದೆ. ಆಸ್ಟ್ರೇಲಿಯಾದ ವೈನಿಗೆ ಇಂಥದೇ ರಿಯಾಯಿತಿ 2022ರ ಡಿಸೆಂಬರಿನಿಂದಲೇ ದೊರೆತಿದೆ. ಇದೆಲ್ಲ ನಗರದ ದೊಡ್ಡ ಹೋಟೆಲುಗಳ ಮಾತು, ನಮಗೇಕೆ ಎಂದು ಓದುಗರು ಪುಟ ತಿರುವಬಾರದು. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಿಂದ ನಂದಿಬೆಟ್ಟದ ಬುಡದವರೆಗೆ ಹಬ್ಬಿರುವ ಕಲ್ಲುಕಂಬದ ದ್ರಾಕ್ಷಿ ನಾಡಿನ ಭವಿಷ್ಯವೂ ಇದರೊಂದಿಗೆ ತಳಕು ಹಾಕಿಕೊಂಡಿದೆ ಎಂಬುದು ನನ್ನ ಆತಂಕ.

ಸುಂಕ ಇಳಿದಾಗ ಇಲ್ಲಿಗೆ ಸುಲಭವಾಗಿ ಬರುವ ಸರಕುಗಳಲ್ಲಿ ಜರ್ಮನಿಯ ಮೋಸೆಲ್ ನದಿ ಕಣಿವೆಯ ಬಿಳಿ ವೈನ್ ಒಂದು. ಫ್ರಾನ್ಸಿನಲ್ಲಿ ಹುಟ್ಟಿ ಕೋಬ್ಲೆಂಜ್ ಬಳಿ ರೈನ್ ನದಿಯನ್ನು ಸೇರುವ ಮೋಸೆಲ್, ನಿಂತರೆ ಜಾರುವಷ್ಟು ಕಡಿದಾದ ಕಲ್ಪದರಿನ ಇಳಿಜಾರುಗಳ ನಡುವೆ ಸುತ್ತಿ ಬಳಸಿ ಹರಿಯುತ್ತದೆ. ಹಗಲಿನ ಬಿಸಿಲನ್ನು ಹೀರಿಕೊಂಡ ಕಲ್ಲು ರಾತ್ರಿ ಆ ಕಾವನ್ನು ಬಳ್ಳಿಗೆ ಹಿಂದಿರುಗಿಸುತ್ತದೆ. ಆ ಚಳಿನಾಡಿನಲ್ಲಿ ರೀಸ್ಲಿಂಗ್ ತಳಿ ನಿಧಾನವಾಗಿ ಮಾಗಿ, ಹುಳಿಯನ್ನು ಕಳೆದುಕೊಳ್ಳದೆಯೇ ಸಿಹಿಯಾಗುವ ಗುಟ್ಟು ಇದೇ. ಯಂತ್ರ ಏರಲಾರದ ಕಡೆ ಕೂಲಿಯಾಳು ಬುಟ್ಟಿ ಹೊತ್ತು ಏರಬೇಕು. ಅಷ್ಟು ಶ್ರಮಕ್ಕೆ ಬೆಲೆ ಸಿಗುವುದು ಸೀಸೆಯ ಮೇಲೆ ಊರಿನ ಹೆಸರು, ತೋಟದ ಹೆಸರು ಇರುವುದರಿಂದ. ವೇಲೆನ್ ಎಂಬ ಹಳ್ಳಿಯ ಒಂದು ತೋಟ, ಅಲ್ಲಿಯ ಬಂಡೆಯ ಮೇಲೆ 1842ರಲ್ಲಿ ಕಟ್ಟಿದ ನೆರಳು ಗಡಿಯಾರದ ಹೆಸರಿನಿಂದಲೇ ಲೋಕಪ್ರಸಿದ್ಧವಾಗಿದೆ.

ಈ ಹೆಸರಿನ ಬಂಡವಾಳವನ್ನು ಜರ್ಮನರೇ ಒಮ್ಮೆ ಪೋಲು ಮಾಡಿಕೊಂಡರು. ಅವರ 1971ರ ವೈನ್ ಕಾನೂನು ಗುಣಮಟ್ಟವನ್ನು ನೆಲದಿಂದಲ್ಲ, ರಸದಲ್ಲಿರುವ ಸಕ್ಕರೆಯಿಂದ ಅಳೆಯಿತು. ಜೊತೆಗೆ, ಹತ್ತಾರು ಹಳ್ಳಿಗಳ ತೋಟಗಳನ್ನು ಒಂದು ದೊಡ್ಡ ಹೆಸರಿನಡಿ ಗುಡ್ಡೆ ಹಾಕಲು ಅವಕಾಶ ಕೊಟ್ಟಿತು. ಪೀಸ್‌ಪೋರ್ಟ್ ಎಂಬ ಹಳ್ಳಿಯ ಇಳಿಜಾರಿನ ಕೀರ್ತಿಯನ್ನು ಬಳಸಿಕೊಂಡು, ಬಯಲಿನಲ್ಲಿ ಬೆಳೆದ ಬೇರೊಂದು ಅಗ್ಗದ ತಳಿಯ ವೈನ್ ಅದೇ ಊರ ಹೆಸರಿನಲ್ಲಿ ಇಂಗ್ಲೆಂಡಿನ ಅಂಗಡಿಗಳನ್ನು ತುಂಬಿತು. ಜರ್ಮನಿಯ ಬಿಳಿ ವೈನ್ ಎಂದರೆ ಸಕ್ಕರೆನೀರು ಎಂಬ ಅಪಖ್ಯಾತಿ ಅಂಟಿಕೊಂಡದ್ದು ಹಾಗೆ. ನಷ್ಟ ಹೊತ್ತವನು ಕಡಿದಾದ ಇಳಿಜಾರಿನ ರೈತ. ಕಾನೂನನ್ನು ತಿದ್ದಿ, ಹೆಸರಿನ ವ್ಯಾಪ್ತಿ ಕಿರಿದಾದಷ್ಟೂ ಗುಣಮಟ್ಟದ ನಿಬಂಧನೆ ಬಿಗಿಯಾಗಬೇಕೆಂಬ ತತ್ತ್ವಕ್ಕೆ ಅವರು ಮರಳಿದ್ದು 2021ರಲ್ಲಿ, ಅಂದರೆ ಬರೋಬ್ಬರಿ 50 ವರ್ಷಗಳ ಬಳಿಕ.

ನಮ್ಮಲ್ಲಿಯೂ ಒಂದು ಕಣಿವೆಯ ಹೆಸರಿದೆ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ರೂಪಿಸಿದಾಗ, ಉತ್ತರದ ಕೃಷ್ಣಾ ಕಣಿವೆಯ ಜೊತೆಗೆ ದಕ್ಷಿಣದ ನಂದಿ ಕಣಿವೆಯನ್ನೂ ಗುರುತಿಸಿತು. ಅದಕ್ಕೂ ಮೊದಲೇ, 1988ರಲ್ಲಿ, ಕನ್ವಲ್ ಗ್ರೋವರ್ ಸ್ಥಾಪಿಸಿದ ವೈನ್ ಸಂಸ್ಥೆ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳನ್ನು ಬೆಳೆಸಿ ತೋರಿಸಿತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ತಂಪು ರಾತ್ರಿಗಳು ಬಿಳಿ ವೈನಿಗೆ ಬೇಕಾದ ಹುಳಿಯನ್ನು ಕಾಯುತ್ತವೆಂಬುದು ಅಲ್ಲಿ ಸಾಬೀತಾಯಿತು. ನಂದಿ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಗೇ ಇಳಿಯುತ್ತದೆ. ಹೀಗಾಗಿ ಕಣಿವೆ ಎಂಬ ಮಾತು ಕೇವಲ ಅಲಂಕಾರವೇನೂ ಅಲ್ಲ. (ಆ ನದಿಯಲ್ಲಿ ಇಂದು ಹರಿಯುವುದು ಏನು ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡೋಣ.)

ಆದರೆ ಈ ಸೀಮೆಯ ಬಹುಪಾಲು ರೈತರು ಬೆಳೆಯುವುದು ಫ್ರೆಂಚ್ ತಳಿಯನ್ನಲ್ಲ, ಬೆಂಗಳೂರು ನೀಲಿ ದ್ರಾಕ್ಷಿಯನ್ನು. ಸುಮಾರು 150 ವರ್ಷಗಳಿಂದ ಇಲ್ಲಿ ನೆಲೆನಿಂತ, ವರ್ಷಕ್ಕೆ ಎರಡು ಫಸಲು ಕೊಡುವ, ರೋಗವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುವ ಬಡವರ ಬಳ್ಳಿ ಅದು. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆ ಪ್ರಮಾಣಪತ್ರದಿಂದ ರೈತನ ಕ್ರೇಟಿಗೆ ಹೆಚ್ಚುವರಿ ಬೆಲೆ ದಕ್ಕಿತೇ? ದಕ್ಕಿದ ಲಕ್ಷಣ ನನಗಂತೂ ಕಾಣುತ್ತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಕೊಳ್ಳುವವರಿಲ್ಲದೆ ಹಣ್ಣು ಚಪ್ಪರದಲ್ಲೇ ಕೊಳೆತಾಗ ಯಾವ ಸೂಚಕವೂ ನೆರವಿಗೆ ಬರಲಿಲ್ಲ. ಈ ಹಣ್ಣು ಹೋಗುವುದು ರಸಕ್ಕೆ, ಇಲ್ಲವೇ ಪೋರ್ಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಅಗ್ಗದ ಸಿಹಿ ವೈನಿಗೆ. ಪೋರ್ಟ್ ಎಂಬುದಾದರೂ ಪೋರ್ಚುಗಲ್ಲಿನ ಪೋರ್ಟೊ ಎಂಬ ಊರಿನಿಂದ ಬಂದದ್ದು. ಬೆಂಗಳೂರಿನ ಹಣ್ಣು ತನ್ನ ಊರಿನ ಹೆಸರನ್ನು ತೊರೆದು ಪರಊರಿನ ಹೆಸರಿನಲ್ಲಿ ಸೀಸೆ ಸೇರುವುದು ಎಂಥ ವಿಪರ್ಯಾಸ!

ಇನ್ನೂ ಒಂದು ತೊಡಕಿದೆ. ಬೆಂಗಳೂರು ನೀಲಿ ಅಮೆರಿಕ ಮೂಲದ ಲ್ಯಾಬ್ರಸ್ಕಾ ದ್ರಾಕ್ಷಿಯ ಮಿಶ್ರತಳಿ. ತೋಟಗಾರಿಕೆ ತಜ್ಞರಲ್ಲಿ ಹಲವರು ಅದನ್ನು ಇಸಾಬೆಲ್ಲಾ ಎಂಬ ತಳಿಯೊಡನೆ ಗುರುತಿಸುತ್ತಾರೆ. ಐರೋಪ್ಯ ಒಕ್ಕೂಟದಲ್ಲಿ ವೈನಿಗಾಗಿ ಬೆಳೆಯಬಾರದೆಂದು ಹೆಸರಿಸಿ ನಿಷೇಧಿಸಿರುವ ಆರು ತಳಿಗಳಲ್ಲಿ ಇಸಾಬೆಲ್ಲಾ ಕೂಡ ಒಂದು. ಹಾಗಾಗಿ ಮೋಸೆಲ್‌ನ ಸೀಸೆ ಇಲ್ಲಿಗೆ ಬರುವ ದಾರಿ ಸುಗಮವಾಗುತ್ತಿರುವಾಗ, ನಮ್ಮ ಬಹುಸಂಖ್ಯಾತ ರೈತರ ಹಣ್ಣಿನ ವೈನ್ ಅಲ್ಲಿಗೆ ಹೋಗುವ ದಾರಿ ತೆರೆಯುತ್ತದೆಂದು ನಂಬುವುದು ಕಷ್ಟ. ಮುಕ್ತ ವ್ಯಾಪಾರ ಎಂಬುದು ಈ ಬೆಳೆಯ ಮಟ್ಟಿಗೆ ಒಂದೇ ದಿಕ್ಕಿನ ರಸ್ತೆಯಾಗುವ ಸಂಭವವೇ ಹೆಚ್ಚು.

ನಾನು ಕುಡಿತದ ಪರ ವಕಾಲತ್ತು ವಹಿಸುತ್ತಿಲ್ಲ. ವೈನನ್ನು ಸಾರಾಯಿಯ ಸಾಲಿನಲ್ಲಿಟ್ಟು ನೋಡುವವರ ನೈತಿಕ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ನೀತಿ ರೂಪಿಸಿ ರೈತನನ್ನು ಹುರಿದುಂಬಿಸಿದ್ದು ಸರ್ಕಾರವೇ. ಈಗ ಅರ್ಧದಾರಿಯಲ್ಲಿ ಕೈಬಿಡುವುದು ನ್ಯಾಯವಲ್ಲ. ಜಡಿಗೇನಹಳ್ಳಿಯಂಥ ಹೋಬಳಿಯಲ್ಲಿ ರೈತನ ಮುಂದಿರುವ ಲೆಕ್ಕ ಸರಳವಾದುದು. ಸಾವಿರ ಅಡಿ ಕೊರೆದರೂ ನೀರಿನ ಖಾತರಿಯಿಲ್ಲದ ಕೊಳವೆಬಾವಿ ಒಂದು ಕಡೆ, ಬಡಾವಣೆಗೆ ಜಾಗ ಕೇಳಿಕೊಂಡು ಬರುವ ದಲ್ಲಾಳಿ ಇನ್ನೊಂದು ಕಡೆ. ದ್ರಾಕ್ಷಿಯ ಬೆಲೆ ಎರಡು ವರ್ಷ ಸತತವಾಗಿ ಕುಸಿದರೆ ಕಲ್ಲುಕಂಬ ಕಿತ್ತು ನಿವೇಶನದ ಕಲ್ಲು ನೆಡುತ್ತಾನೆ. ಒಮ್ಮೆ ಹೋದ ತೋಟ ಮತ್ತೆ ಬರುವುದಿಲ್ಲ.

ಮಹಾರಾಷ್ಟ್ರದವರು ನಾಸಿಕ್ ಕಣಿವೆಯ ವೈನಿಗೇ ಭೌಗೋಳಿಕ ಸೂಚಕ ಪಡೆದುಕೊಂಡಿದ್ದಾರೆ. ನಾವು ಹಣ್ಣಿಗೆ ಪಡೆದು ಸುಮ್ಮನಾದೆವು. ನಂದಿ ಕಣಿವೆ ಎಂದರೆ ಯಾವ ಯಾವ ಹೋಬಳಿ, ಆ ಹೆಸರಿನ ಸೀಸೆಯಲ್ಲಿ ಅಲ್ಲಿಯದೇ ಹಣ್ಣು ಎಷ್ಟಿರಬೇಕು, ನೀಲಿ ದ್ರಾಕ್ಷಿಗೆ ಅದರಲ್ಲಿ ಸ್ಥಾನವಿದೆಯೇ, ಇಲ್ಲವಾದರೆ ಬಳ್ಳಿ ಬದಲಿಸುವ ರೈತನ ಖಾಲಿ ವರ್ಷಗಳ ಖರ್ಚು ಯಾರದು ಎಂಬುದನ್ನು ತೋಟಗಾರಿಕೆ ಇಲಾಖೆ ಮತ್ತು ವೈನ್ ಮಂಡಳಿ ಬರೆದಿಡಬೇಕು. ಗಡಿಯಿಲ್ಲದಿದ್ದರೆ, ಎಲ್ಲಿಂದಲೋ ತಂದ ರಸಕ್ಕೂ ನಂದಿಯ ಹೆಸರಂಟಿಸುವುದು ಸುಲಭ. ಐರೋಪ್ಯ ಒಕ್ಕೂಟದೊಡನೆ ಭೌಗೋಳಿಕ ಸೂಚಕಗಳ ಕುರಿತ ಮಾತುಕತೆ ಮುಕ್ತ ವ್ಯಾಪಾರ ಒಪ್ಪಂದದಿಂದ ಪ್ರತ್ಯೇಕವಾಗಿಯೇ ನಡೆಯುತ್ತಿದೆ. ಮೋಸೆಲ್‌ನವರ ಬಳಿ ತೋಟ ತೋಟದ ನಕ್ಷೆಯೇ ಇದೆ. ದೆಹಲಿಯ ಮೇಜಿಗೆ ನಂದಿಯ ನಕ್ಷೆಯನ್ನು ಕಳುಹಿಸಬೇಕಾದವರು ಬೆಂಗಳೂರಿನಲ್ಲಿಯೇ ಇದ್ದಾರೆ.