ಹಳೆಯ ಗಾಡಿ, ಹೊಸ ಸವಾರ



ಕಾಲೇಜುಗಳು ಆರಂಭವಾಗುವ ದಿನಗಳು ಸಮೀಪಿಸಿದಂತೆ ನಮ್ಮ ಭಾಗದ ಅನೇಕ ಮನೆಗಳಲ್ಲಿ ಒಂದು ಮಾತು ಏಳುತ್ತದೆ. ಬಾದಾಮಿ ತಾಲ್ಲೂಕಿನ ಹಳ್ಳಿಯ ಹುಡುಗ ಬಾಗಲಕೋಟೆಯ ಕಾಲೇಜಿಗೆ ಹೋಗಬೇಕು. ಹುನಗುಂದದ ಹುಡುಗನಿಗೆ ಇಳಕಲ್ಲಿನ ಅಂಗಡಿಯಲ್ಲಿ ಕೆಲಸ ದೊರೆತಿದೆ. ಬಸ್ಸು ಹೊತ್ತಿಗೆ ಸಿಗುವುದಿಲ್ಲ. ಹೊಸ ಮೋಟಾರುಸೈಕಲ್ಲು ಕೈಗೆಟುಕುವುದಿಲ್ಲ. ಕಡಲೆ ಮಾರಿ ಬಂದ ಹಣಕ್ಕೆ ತಾಯಿ ಕೂಡಿಟ್ಟ ಹಣವನ್ನು ಸೇರಿಸಿ, ಹಳೆಯದೊಂದನ್ನು ಕೊಳ್ಳುವುದೆಂದು ಹಿರಿಯರು ನಿಶ್ಚಯಿಸುತ್ತಾರೆ. ಆಮೇಲೆ ನಮಗೆ ಕರೆ ಬರುತ್ತದೆ: "ಶಾಸ್ತ್ರಿಗಳ, ಗಾಡಿ ತಂದೀವ್ರಿ, ಪೂಜಾಕ್ಕ ಬರ್ರಿ."

ನಾವು ಸಂತೋಷದಿಂದಲೇ ಹೋಗುತ್ತೇವೆ. ಹೂವಿನ ಹಾರ ಹಾಕಿ, ಕಾಯಿ ಒಡೆದು, ಕರ್ಪೂರ ಬೆಳಗಿ, ಗಾಲಿಗೆ ನಿಂಬೆಹಣ್ಣು ಇಟ್ಟು ಗಾಡಿಯನ್ನು ಮುಂದೆ ಬಿಡುತ್ತಾರೆ. ಆದರೆ ಆ ನಿಂಬೆಹಣ್ಣನ್ನು ತುಳಿಯುವ ಟೈರಿನಲ್ಲಿ ಗೀರುಗಳೇ ಉಳಿದಿಲ್ಲವೆಂಬುದನ್ನು ಅಲ್ಲಿ ನೆರೆದವರಲ್ಲಿ ಒಬ್ಬರೂ ಗಮನಿಸಿರುವುದಿಲ್ಲ. ಶಾಸ್ತ್ರ ಓದಿದವರಿಗೆ ಯಂತ್ರದ ವಿಚಾರವೇಕೆ ಎಂದು ಓದುಗರು ಕೇಳಬಹುದು. ಯಂತ್ರ ಕಬ್ಬಿಣದ್ದಾದರೂ ಅದರ ಮೇಲೆ ಕುಳಿತು ಹೋಗುವವನು ಮನೆಯ ಮಗ. ಆದ್ದರಿಂದ ಅನುಭವಿ ಮಿಸ್ತ್ರಿಗಳಿಂದ ಕೇಳಿ ತಿಳಿದದ್ದನ್ನೂ ಕಾನೂನಿನಲ್ಲಿ ಓದಿ ತಿಳಿದದ್ದನ್ನೂ ಈ ತಿಂಗಳು ತಮ್ಮ ಮುಂದಿಡುತ್ತಿದ್ದೇವೆ.

ನಾವು ಹೇಳಬೇಕಾದ ಮುಖ್ಯ ಮಾತು ಒಂದೇ. ಹಳೆಯ ಗಾಡಿಯ ಬೆಲೆಯೆಂದರೆ ಮಾರುವವನ ಕೈಗಿಟ್ಟ ಹಣವಷ್ಟೇ ಅಲ್ಲ; ಅದನ್ನು ಭದ್ರವಾಗಿ ರಸ್ತೆಗಿಳಿಸಲು ತಗಲುವ ಖರ್ಚೂ ಆ ಬೆಲೆಯಲ್ಲಿ ಸೇರಿದೆ. ಇದ್ದ ಹಣವನ್ನೆಲ್ಲ ಕೊಳ್ಳುವುದಕ್ಕೇ ಸುರಿದು, ರಿಪೇರಿಯನ್ನು ಮುಂದಿನ ತಿಂಗಳಿಗೆ ತಳ್ಳುವುದು ಉಳಿತಾಯವಲ್ಲ. ನಮ್ಮ ಪರಿಚಯದ ಒಂದು ಮನೆಯಲ್ಲಿ ಹೀಗೆಯೇ ಆಯಿತು. ಮುಂದಿನ ಟೈರು ಹಳೆಯದಾಗಿ ಗಟ್ಟಿಯಾಗಿತ್ತು. ಇಳಕಲ್ಲಿನ ಹೊರವಲಯದಲ್ಲಿ ಕಲ್ಲಿನ ಲಾರಿಯಿಂದ ಉದುರಿದ ಕಡಿಯ ಮೇಲೆ ಗಾಲಿ ಜಾರಿತು. ಹುಡುಗನ ಕೈ ಮುರಿಯಿತು, ಕಾಲೇಜಿನ ಒಂದು ವರುಷ ಹೋಯಿತು. "ಟೈರ್ ಮುಂದಿನ ತಿಂಗಳ ಹಾಕಿಸೋಣು ಅಂದಿದ್ವಿರಿ" ಎಂದು ಆ ತಾಯಿ ಹೇಳಿದ ಮಾತು ನಮ್ಮ ಕಿವಿಯಲ್ಲಿ ಇನ್ನೂ ಇದೆ.

ನಮ್ಮ ರೈತರಿಗೆ ಪರೀಕ್ಷಿಸಿ ಕೊಳ್ಳುವ ವಿದ್ಯೆ ಹೊಸದಲ್ಲ. ಬನಶಂಕರಿಯ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ಕಾಲು ಕುಂಟುವುದೇ ಎಂದು ಪರೀಕ್ಷಿಸುತ್ತಾರೆ. ಕೊಂಬಿಗೆ ಹಚ್ಚಿದ ಬಣ್ಣವನ್ನು ನೋಡಿ ಹಣ ಕೊಡುವುದಿಲ್ಲ. ಗಾಡಿಯ ವಿಷಯದಲ್ಲಿ ಮಾತ್ರ ಬಣ್ಣಕ್ಕೆ ಮರುಳಾಗುವುದೇಕೆ?

ಗಾಡಿಯನ್ನು ಹಗಲು ಬೆಳಕಿನಲ್ಲಿಯೇ ನೋಡಬೇಕು, ಬಲ್ಲ ಮಿಸ್ತ್ರಿಯೊಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಅವರಿಗೆ ಕೊಡುವ ನೂರಾರು ರೂಪಾಯಿ ಸಾವಿರಾರು ರೂಪಾಯಿಗಳನ್ನು ಉಳಿಸೀತು. ಹೋದೊಡನೆ ಎಂಜಿನ್ನಿನ ಹತ್ತಿರ ಅಂಗೈ ಒಡ್ಡಿ ನೋಡಿರಿ. ತಾವು ಬರುವ ಮೊದಲೇ ಅದು ಬಿಸಿಯಾಗಿದ್ದರೆ, ತಣ್ಣಗಿದ್ದಾಗ ಸುಲಭವಾಗಿ ಚಾಲೂ ಆಗದ ದೋಷವನ್ನು ಮರೆಮಾಚಿರಬಹುದು. ಆರಿದ ಮೇಲೆ ಮತ್ತೆ ಚಾಲೂ ಮಾಡಿಸಿರಿ. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಎಂಜಿನ್ನು ಆಯಿಲನ್ನು ಸುಡುತ್ತಿದೆ ಎಂದರ್ಥ; ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ. ಆಯಿಲು ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಸೇರಿದೆ.

ಈ ನೀರಿನ ಮಾತು ನಮ್ಮ ಭಾಗಕ್ಕೆ ವಿಶೇಷವಾಗಿ ಸಲ್ಲುತ್ತದೆ. 2009ರಲ್ಲಿಯೂ 2019ರ ಆಗಸ್ಟಿನಲ್ಲಿಯೂ ನಮ್ಮ ನದಿಗಳು ಉಕ್ಕಿ ಹರಿದದ್ದನ್ನು ಯಾರೂ ಮರೆತಿಲ್ಲ. 2019ರಲ್ಲಿ ಮಲಪ್ರಭೆಯ ನೀರು ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿತ್ತು. ಅಂತಹ ನೆರೆಯಲ್ಲಿ ಮುಳುಗಿದ ಗಾಡಿಯನ್ನು ತೊಳೆದು, ಬಣ್ಣ ಬಳಿದು ಮಾರುವುದು ಕಷ್ಟದ ಕೆಲಸವಲ್ಲ. ಆದರೆ ಸೀಟಿನ ಕೆಳಗೆ, ಪಕ್ಕದ ಮುಚ್ಚಳದ ಒಳಗೆ, ಹೆಡ್‌ಲೈಟಿನ ಡಬ್ಬಿಯಲ್ಲಿ, ಗಾಳಿ ಶೋಧಿಸುವ ಫಿಲ್ಟರಿನ ಪೆಟ್ಟಿಗೆಯಲ್ಲಿ ನಯವಾದ ಒಣ ರೇವೆ ಉಳಿದಿರುತ್ತದೆ. ಮೀಟರಿನ ಗಾಜಿನೊಳಗೆ ಮಂಜು ಕಟ್ಟಿರುತ್ತದೆ. ಅಂತಹ ಗಾಡಿಯ ವೈರಿಂಗೂ ಗಾಲಿಯ ಬೇರಿಂಗುಗಳೂ ಒಳಗೊಳಗೇ ತುಕ್ಕು ಹಿಡಿದು, ದಾರಿಯ ನಡುವೆ ಕೈ ಕೊಡುತ್ತವೆ. ಅದನ್ನು ಅಗ್ಗಕ್ಕೆ ಕೊಟ್ಟರೂ ಬಿಡುವುದೇ ಲೇಸು.

ಎರಡನೆಯದಾಗಿ, ಗಾಡಿಯ ಎಲುಬನ್ನು ನೋಡಬೇಕು. ಟ್ಯಾಂಕಿನ ಕೆಳಗೂ ಹ್ಯಾಂಡಲ್ಲಿನ ಕತ್ತಿನ ಬಳಿಯೂ ಹೊಸ ವೆಲ್ಡಿಂಗು, ಸುಕ್ಕುಗಟ್ಟಿದ ಬಣ್ಣ ಕಂಡರೆ ಗಾಡಿ ಬಲವಾಗಿ ಡಿಕ್ಕಿ ಹೊಡೆದಿರಬಹುದು. ಹ್ಯಾಂಡಲ್ಲು ನೇರವಾಗಿದ್ದಾಗ ಮುಂದಿನ ಗಾಲಿಯೂ ನೇರವಾಗಿಯೇ ಇರಬೇಕು. ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಗಾಲಿ ನೆಲ ಬಿಡುವಂತೆ ಎತ್ತಿ, ಹ್ಯಾಂಡಲ್ಲನ್ನು ನಿಧಾನವಾಗಿ ಎಡಬಲಕ್ಕೆ ತಿರುಗಿಸಿರಿ. ನಡುವೆ ಎಲ್ಲಿಯಾದರೂ ಸಿಕ್ಕಿಕೊಂಡಂತಾದರೆ ಕೋನ್‌ಸೆಟ್ಟು ಸವೆದಿದೆ. ಫೋರ್ಕಿನ ಎರಡು ಕಾಲುಗಳನ್ನು ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಟಕ್ಕೆಂದರೂ ಅದೇ ಅರ್ಥ. ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಉಂಗುರ ಮೂಡಿದ್ದರೆ ಆಯಿಲ್ ಸೀಲು ಹೋಗಿದೆ. ಗಾಲಿಯನ್ನು ತಿರುಗಿಸಿದಾಗ ಅದು ತೊನೆದಾಡಬಾರದು. ಅಡ್ಡಕ್ಕೆ ಹಿಡಿದು ಅಲುಗಿಸಿದಾಗ ಸಡಿಲವೆನಿಸಬಾರದು.

ಮೂರನೆಯದು ಬ್ರೇಕು, ಇದು ಎಲ್ಲಕ್ಕೂ ಮಿಗಿಲಾದದ್ದು. ಡ್ರಮ್ ಬ್ರೇಕಿನ ಗಾಡಿಗಳಲ್ಲಿ ಸವೆತ ತೋರಿಸುವ ಬಾಣದ ಗುರುತು ಗಾಲಿಯ ನಡುಭಾಗದಲ್ಲಿ ಸಾಮಾನ್ಯವಾಗಿ ಇರುತ್ತದೆ. ಬ್ರೇಕು ಒತ್ತಿದಾಗ ಅದು ಕೊನೆಯ ಗೆರೆಯನ್ನು ಮುಟ್ಟಿದರೆ ಬ್ರೇಕ್ ಶೂ ಬದಲಿಸಬೇಕು. ಡಿಸ್ಕ್ ಬ್ರೇಕಿದ್ದರೆ ಪ್ಯಾಡಿನ ದಪ್ಪವನ್ನೂ, ತಟ್ಟೆಯ ಅಂಚಿನಲ್ಲಿ ಏಣು ಎದ್ದಿದೆಯೇ ಎಂಬುದನ್ನೂ ನೋಡಬೇಕು. ಹಿಡಿಕೆಯನ್ನು ಒತ್ತಿದಾಗ ಹಿಟ್ಟಿನ ಮುದ್ದೆಯನ್ನು ಒತ್ತಿದಂತೆ ಮೆತ್ತಗಾದರೆ ಒಳಗೆ ಗಾಳಿ ಸೇರಿದೆ. ಬ್ರೇಕಿನ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಅದನ್ನು ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ಹಳೆಯ ಗಾಡಿ ಕೊಂಡೊಡನೆ ಬದಲಿಸಿಬಿಡುವುದು ಕ್ಷೇಮ. 2019ರ ಏಪ್ರಿಲ್‌ನಿಂದ ಮಾರಾಟವಾದ ಹೊಸ ಗಾಡಿಗಳಲ್ಲಿ 125 ಸಿಸಿಗಿಂತ ಹೆಚ್ಚಿನವಕ್ಕೆ ಗಾಲಿ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯೂ, ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕುಗಳು ಕೂಡಿ ಹಿಡಿಯುವ ವ್ಯವಸ್ಥೆ ಅಥವಾ ಎಬಿಎಸ್ಸೂ ಕಡ್ಡಾಯವಾಗಿದೆ. ಹೊಸ ಸವಾರನಿಗೆ ಇದು ದೊಡ್ಡ ಆಸರೆ. ಬೆಲೆಯಲ್ಲಿ ಸ್ವಲ್ಪವೇ ಅಂತರವಿದ್ದರೆ ಅಂತಹ ಗಾಡಿಯನ್ನೇ ಆರಿಸಿಕೊಳ್ಳಿರಿ.

ನಾಲ್ಕನೆಯದು ಟೈರು. ಅದರ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳೇ ಅದರ ಜಾತಕ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದೆಂದು ತಿಳಿಯಬೇಕು. ನಮ್ಮ ಬೇಸಿಗೆಯ ಬಿಸಿಲಿಗೆ ರಬ್ಬರು ಬೇಗ ಗಟ್ಟಿಯಾಗಿ ಬಿರಿಯುತ್ತದೆ. ಗೀರು ಉಳಿದಿದ್ದರೂ ಪಕ್ಕದಲ್ಲಿ ಬಿರುಕುಗಳಿದ್ದರೆ ಆ ಟೈರು ಮಳೆಯಲ್ಲಿ ರಸ್ತೆಯನ್ನು ಹಿಡಿಯಲಾರದು. ಗೀರುಗಳ ನಡುವಿರುವ ಚಿಕ್ಕ ದಿಂಡುಗಳ ಮಟ್ಟಕ್ಕೆ ಟೈರು ಸವೆದಿದ್ದರೆ ಬದಲಿಸಲೇಬೇಕು. ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನ ಮೇಲಿಂದ ಹಿಂದಕ್ಕೆ ಎಳೆದಾಗ ಹಲ್ಲಿನ ಅರ್ಧಭಾಗ ಕಂಡರೆ, ಅಥವಾ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ, ಚೈನು ಮತ್ತು ಎರಡೂ ಸ್ಪ್ರಾಕೆಟ್ಟುಗಳನ್ನು ಒಟ್ಟಿಗೇ ಬದಲಿಸಬೇಕು. ಹಳೆಯ ಹಲ್ಲಿನ ಮೇಲೆ ಹೊಸ ಚೈನು ಬಾಳುವುದಿಲ್ಲ.

ದೀಪಗಳನ್ನು ಅಲಕ್ಷಿಸಬಾರದು. ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ರಾತ್ರಿಯೆಲ್ಲ ಸಾಗುತ್ತವೆ. ವಿಜಯಪುರದಿಂದ ಹುನಗುಂದ, ಇಳಕಲ್ಲುಗಳ ಮೇಲೆ ಹೊಸಪೇಟೆಯತ್ತ ಸಾಗುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ವೇಗ ತಮಗೆ ತಿಳಿದೇ ಇದೆ. ಮುಂದಿನ ದೀಪ ಮಂಕಾಗಿದ್ದರೆ ಹುಡುಗನಿಗೆ ಟ್ರೇಲರು ಕಾಣದು. ಹಿಂದಿನ ಬ್ರೇಕ್ ಲೈಟು ಹತ್ತದಿದ್ದರೆ ಲಾರಿಯವರಿಗೆ ಹುಡುಗ ಕಾಣನು. ಕೈಯ ಬ್ರೇಕಿಗೂ ಕಾಲಿನ ಬ್ರೇಕಿಗೂ ಆ ಕೆಂಪು ದೀಪ ಹತ್ತಬೇಕು.

ಇನ್ನು ಕಾಗದಪತ್ರಗಳು. ಆರ್‌ಸಿಯಲ್ಲಿರುವ ಚಾಸಿ ನಂಬರು ಮತ್ತು ಎಂಜಿನ್ ನಂಬರುಗಳನ್ನು ಗಾಡಿಯ ಮೇಲಿನವುಗಳೊಡನೆ ಒಂದೊಂದು ಅಕ್ಷರವಾಗಿ ಹೋಲಿಸಿರಿ. ಅಲ್ಲಿ ಉಜ್ಜಿದ ಗುರುತಿದ್ದರೆ ಮಾತೇ ಬೇಡ, ಎದ್ದು ಬನ್ನಿರಿ. ಗಾಡಿಯ ನಂಬರನ್ನು ಸರ್ಕಾರದ ಎಂ-ಪರಿವಾಹನ್ ತಂತ್ರಾಂಶದಲ್ಲಿ ಹಾಕಿದರೆ ನೋಂದಣಿಯ ದಿನಾಂಕ, ವಿಮೆಯ ಅವಧಿ ಮುಂತಾದವು ಮೊಬೈಲಿನಲ್ಲಿಯೇ ಕಾಣುತ್ತವೆ. ಸಾಲದ ನಮೂದು ಇದ್ದರೆ ಸಾಲ ತೀರಿದ ಬಗ್ಗೆ ಬ್ಯಾಂಕಿನ ಪತ್ರವೂ ನಮೂನೆ 35 ಕೂಡ ಬೇಕು. ಪರ ರಾಜ್ಯದ ಗಾಡಿಯಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು. ನಮ್ಮ ರಾಜ್ಯದ ತೆರಿಗೆಯನ್ನೂ ಲೆಕ್ಕ ಹಾಕಬೇಕು. ನೋಂದಣಿ 15 ವರ್ಷಗಳವರೆಗೆ ಮಾತ್ರ. ಅನಂತರ ಗಾಡಿಯನ್ನು ತಪಾಸಣೆಗೆ ಒಡ್ಡಿ ನವೀಕರಿಸಬೇಕಾಗುತ್ತದೆ.

ಹೆಸರಿನ ವರ್ಗಾವಣೆಯಲ್ಲಿ ನಮ್ಮ ಜನ ತೋರುವ ಉದಾಸೀನ ಹೇಳತೀರದು. ಪರಿಚಯದವರು, ನಂಬಿಕೆಯವರು ಎಂದು ಬರಿಯ ಬಾಂಡ್ ಕಾಗದದ ಮೇಲೆ ಸಹಿ ಮಾಡಿಸಿ ಸುಮ್ಮನಾಗುತ್ತಾರೆ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ ಮಾರಿದವರು ಒಂದೇ ರಾಜ್ಯದೊಳಗಾದರೆ 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ನೋಂದಣಿ ಅಧಿಕಾರಿಗಳಿಗೆ ತಿಳಿಸಬೇಕು. ಇದಕ್ಕೆ ನಮೂನೆ 29 ಮತ್ತು 30 ಇವೆ. ಕೆಎ-29 ಎಂದು ಆರಂಭವಾಗುವ ನಂಬರುಗಳು ಬಾಗಲಕೋಟೆಯ ಪ್ರಾದೇಶಿಕ ಸಾರಿಗೆ ಕಚೇರಿಯವು. ಹಲವು ಕೈ ಬದಲಿಸಿಯೂ ಹೆಸರು ಬದಲಾಗದ ಒಂದು ಕಾರಿನ ಅಪಘಾತ ಪ್ರಕರಣದಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ನೀಡಿತು. ಆದ್ದರಿಂದ ಮಾರಿದವರಿಗೂ ಇದು ಕೊರಳ ಉರುಳೇ. ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಲು ಕೊಂಡ 14 ದಿನಗಳಲ್ಲಿ ಕಂಪನಿಗೆ ಅರ್ಜಿ ಕೊಡಬೇಕು.

ಈಗ ಲೆಕ್ಕಕ್ಕೆ ಬರೋಣ. ಕೈಯಲ್ಲಿ 45,000 ರೂಪಾಯಿ ಇದೆಯೆಂದುಕೊಳ್ಳಿರಿ. 45,000ದ ಗಾಡಿಯನ್ನು ಹುಡುಕಬೇಡಿರಿ. ಟೈರು, ಬ್ರೇಕು, ಚೈನು, ಕೋನ್‌ಸೆಟ್ಟು, ಕೇಬಲ್ಲುಗಳು, ಎಂಜಿನ್ ಆಯಿಲು, ದೀಪಗಳು, ಹೆಸರಿನ ವರ್ಗಾವಣೆ, ವಿಮೆ, ಇವುಗಳ ಖರ್ಚನ್ನು ಮಿಸ್ತ್ರಿಯಿಂದ ಮೊದಲೇ ಬರೆಯಿಸಿಕೊಂಡು ಬದಿಗಿಡಿರಿ. ಉಳಿದದ್ದೇ ಗಾಡಿಯ ಬೆಲೆ. ಆ ಪಟ್ಟಿಯನ್ನು ಮಾರುವವನ ಮುಂದಿಟ್ಟು ಚೌಕಾಸಿ ಮಾಡುವುದರಲ್ಲಿ ಸಂಕೋಚವಿಲ್ಲ. ಐಎಸ್‌ಐ ಗುರುತಿನ ಹೆಲ್ಮೆಟ್ಟು ಎರಡು ಬೇಕು. ಹಿಂದೆ ಕುಳಿತವರ ತಲೆಯೂ ತಲೆಯೇ ಅಲ್ಲವೇ? ರಿಪೇರಿ ಮುಗಿಯದೆ ಗಾಡಿ ಮನೆಯ ಅಂಗಳ ದಾಟಬಾರದು.

ಮಗನಿಗೆ 18 ತುಂಬದಿದ್ದರೆ, ಪರವಾನಗಿ ಇಲ್ಲದಿದ್ದರೆ, ಇಷ್ಟೆಲ್ಲ ಪರೀಕ್ಷೆಯೂ ವ್ಯರ್ಥ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ನಡೆಸಿ ತಪ್ಪೆಸಗಿದರೆ ಪಾಲಕರಿಗೆ 25,000 ರೂಪಾಯಿ ದಂಡವೂ 3 ವರ್ಷಗಳವರೆಗೆ ಸೆರೆಯೂ ಆಗಬಹುದು.

ಗಾಡಿಯನ್ನು ಪರೀಕ್ಷಿಸುವಾಗ ಮಗನನ್ನು ದೂರ ನಿಲ್ಲಿಸಬೇಡಿರಿ. ಅವನ ಕೈಯಿಂದಲೇ ಗಾಲಿ ತಿರುಗಿಸಿರಿ, ಬ್ರೇಕು ಒತ್ತಿಸಿರಿ, ಟೈರಿನ ಅಂಕಿ ಓದಿಸಿರಿ. ತಾನು ಏರುವ ಗಾಡಿಯ ದೋಷಗಳನ್ನು ತಾನೇ ಕಂಡು ತಿದ್ದಿಸಿದ ಹುಡುಗ ಅದನ್ನು ಎಚ್ಚರದಿಂದಲೇ ನಡೆಸುತ್ತಾನೆಂಬುದು ನಮ್ಮ ನಂಬುಗೆ. ಪ್ರತಿ ವಾರ ಟೈರಿನ ಗಾಳಿ, ಬ್ರೇಕು, ಚೈನುಗಳನ್ನು ನೋಡುವ ರೂಢಿಯನ್ನು ಆ ದಿನವೇ ಹಾಕಿಕೊಡಿರಿ. ಇಷ್ಟಾದ ಮೇಲೆ ಪೂಜೆಗೆ ಕರೆಯಿರಿ, ನಾವು ಅವಶ್ಯವಾಗಿ ಬರುತ್ತೇವೆ.